ಹೆಂಡತಿಯ ಹೆಸರಿನ ಜೀರುಂಡೆ

ರಾಯರು ಹೆಂಡತಿಯ ಹುಟ್ಟಿದ ದಿನ ಮರೆತದ್ದೇ ಎಲ್ಲಕ್ಕೂ ಮೂಲ. ಸಂಗ್ರಹಾಲಯದಲ್ಲಿ ಪುಟ್ಟ ನೀರುಜೀರುಂಡೆಗಳನ್ನು ಜಾತಿವಾರು ವಿಂಗಡಿಸುವುದು ಅವರ ಕೆಲಸ; ಬೀದಿಯವರ ಬಾಯಲ್ಲಿ ಅವರು ಹುಳರಾಯರು. ಮಾರನೆಯ ಬೆಳಿಗ್ಗೆಯೂ ಮನೆಯಾಕೆಯ ಮುನಿಸು ಇಳಿಯದಿದ್ದಾಗ ರಾಯರು ಬ್ರಹ್ಮಾಸ್ತ್ರವನ್ನೇ ಬಿಟ್ಟರು.

"ಕೊಳದಲ್ಲಿ ಸಿಕ್ಕ ಹೊಸ ಜೀರುಂಡೆಗೆ ನಿನ್ನ ಹೆಸರೇ ಇಟ್ಟಿದೀನಿ ಕಣೇ! ನಮ್ಮ ಸಂಗ್ರಹಾಲಯದ ಪತ್ರಿಕೆ ಇವತ್ತೇ ಅಚ್ಚಾಗತ್ತೆ."

ಮುನಿಸು ಮಾಯವಾಯಿತು. ರಾಯರು ಬೂಟು ಹಾಕಿಕೊಳ್ಳುವಷ್ಟರಲ್ಲಿ ಸುದ್ದಿ ಬೀದಿಯ ಕೊನೆಯ ಮನೆ ಮುಟ್ಟಿತ್ತು.

ಕಚೇರಿಯಲ್ಲಿ ಪಕ್ಕದ ಮೇಜಿನ ಚಿಟ್ಟೆತಜ್ಞ ಕರೆಯದೆಯೇ ಬಂದು, ಲೇಖನದ ಕರಡು ಓದಿ, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ.

"ರಾಯರೇ, ಕಾಲು ನೋಡಿದ್ರಾ? ಈಜೋಕೆ ಬೇಕಾದ ಕೂದಲೇ ಇಲ್ಲ. ಇದು ಸಗಣಿ ಹುಳ! ಜಾರಿ ಕೊಳಕ್ಕೆ ಬಿದ್ದಿದೆ, ಪಾಪ."

ರಾಯರು ನೋಡಿದರು. ಹುಳುವೇನೋ ಹೊಸದೇ, ಆದರೆ ಅವನ ಮಾತೂ ನಿಜವೇ. ಆ ಜೀರುಂಡೆಗಳ ಕುಟುಂಬವೇ ಹಾಗೆ. ಅಣ್ಣತಮ್ಮಂದಿರು ನೀರಿನಲ್ಲಿ, ದಾಯಾದಿಗಳು ಸಗಣಿಯಲ್ಲಿ.

"ಸಗಣಿ ಹುಳಕ್ಕೆ ಹೆಂಡತಿ ಹೆಸರಾ? ಒಂದ್ಸಲ ಅಚ್ಚಾದ್ರೆ ಬದಲಾಯಿಸೋ ಹಾಗಿಲ್ಲ, ಗೊತ್ತಲ್ಲ?"

ಗೊತ್ತಿತ್ತು. ಅದು ಆ ವಿದ್ಯೆಯ ಕಟ್ಟುನಿಟ್ಟಿನ ನಿಯಮ. ಸಂಸಾರ ಇವತ್ತಿಗೆ ಮುಗಿಯಿತೆಂದು ರಾಯರು ಬಿದ್ದೆದ್ದು ಮುದ್ರಣಾಲಯಕ್ಕೆ ಓಡಿದರು. ಬೆನ್ನು ಬಿಡದ ಬೇತಾಳದಂತೆ ಚಿಟ್ಟೆಯವನೂ ಓಡಿದ.

"ಆ ಹೆಸರು ತೆಗೀರಿ!"

"ತೆಗೀತೀನಿ. ಬೇರೆ ಏನು ಹಾಕ್ಲಿ? ಬೇಗ ಹೇಳಿ ಸಾರ್, ಯಂತ್ರ ಕಾಯ್ತಿದೆ," ಎಂದ ಮುದ್ರಕ.

ಗಾಬರಿಯಲ್ಲಿ ರಾಯರು ಪಕ್ಕಕ್ಕೆ ತಿರುಗಿದರು. ಚಿಟ್ಟೆಯವನು ಕಿವಿಯಲ್ಲಿ ಉಸುರಿದ: "ನಮ್ಮ ನಿರ್ದೇಶಕಿ ಮೇಡಂ ಹೆಸರು ಹಾಕ್ಸಿ. ಸಗಣಿ ಹುಳದ ಮೇಲೇ ಡಾಕ್ಟರೇಟ್ ಮಾಡಿದೋರು. ಖುಷಿಯಾಗ್ತಾರೆ."

ಯಂತ್ರ ಗಡಗಡನೆ ಓಡಿತು. ರಾಯರು ಬೆವರು ಒರೆಸಿಕೊಂಡರು.

ಸಂಜೆ ಮನೆಗೆ ಬಂದರೆ ನೆರೆಹೊರೆಯವರೆಲ್ಲ ಹಜಾರದಲ್ಲಿ ಸೇರಿದ್ದರು. ರಾಯರು ಧೈರ್ಯ ತಂದುಕೊಂಡರು.

"ನೋಡು, ಆ ಹುಳ ನೀರಿಂದಲ್ವಂತೆ. ಸಗಣೀದಂತೆ. ಅದಕ್ಕೇ..."

"ಸಗಣೀದಾದ್ರೇನ್ರೀ?" ಹೆಂಡತಿಯ ಕಣ್ಣು ತುಂಬಿ ಬಂತು. "ಹುಳ ಯಾವುದಾದ್ರೂ ಆಗ್ಲಿ, ನನ್ನ ಹೆಸರು ಇಡಬೇಕು ಅನ್ನಿಸ್ತಲ್ಲ ನಿಮಗೆ. ನಂಗಷ್ಟೇ ಸಾಕು."

ಅಷ್ಟರಲ್ಲಿ ಆಗಷ್ಟೇ ಅಚ್ಚಾದ ಪತ್ರಿಕೆ ಹಿಡಿದು ಚಿಟ್ಟೆಯವನು ಒಳಗೆ ನುಗ್ಗಿದ.

"ರಾಯರೇ, ಮೇಡಂಗೆ ಎಷ್ಟು ಖುಷಿ ಅಂತೀರಾ! ಹೆಂಡತಿ ಹೆಸರು ತೆಗೆಸಿ ನನ್ನ ಹೆಸರು ಇಟ್ರಾ ಅಂತ ಹತ್ತು ಸಲ ಕೇಳಿದ್ರು. ನಾಳೆ ಊಟಕ್ಕೆ ಬರಬೇಕಂತೆ. ನೀವೊಬ್ರೇ!"

ಹೆಂಡತಿ ಮೆಲ್ಲನೆ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಯಾವ ಮೇಡಂ ರೀ?"