ಬಸವಣ್ಣನ ಗುಡ್ಡ, ನನ್ನ ಟ್ರಕ್ಕಿನ ಸಪ್ಪಳ

ಟ್ರಕ್ಕಿಗೆ ಟ್ರೇಲರ್ ಕಟ್ಟಿಕೊಂಡು ಹೊಟ್ಟಿ ಹೊರಕೊಳ್ಳೋ ಮನಷ್ಯಾನ ಹಣೇಬರಹನ ಇಷ್ಟು ನೋಡ್ರಿ. ಗಾಡಿ ಸುಮ್ನ ಹೊಂಟಿದ್ರ ಯಾರೂ ಹೊಳ್ಳಿ ನೋಡೂದಿಲ್ಲ, ಏರಿನ್ಯಾಗ ಒಂದು ಸಪ್ಪಳ ಮಾಡ್ತಂದ್ರ ದಾರ್ಯಾಗಿನ ಮಂದಿಯೆಲ್ಲ ಡಾಕ್ಟರ್ ಆಗಿಬಿಡ್ತಾರ. ನನಗ ಇಂಥಾವು ಆಗಾಗ ಆಗತಿರ್ತಾವ. ಆದ್ರ ಒಂದರ ಬೆನ್ನಿಗೊಂದು ಸಾಲು ಹಚ್ಚಿ ಆಗಿದ್ದು ಬಸವಣ್ಣನ್ನ ಒಯ್ದ ದಿನ.

ನನ್ನ ಹೆಂಡ್ತಿ ತವರೂರು ಬಬಲೇಶ್ವರದ ಆಚೆ ಕಡಿ. ಅಲ್ಲಿ ಗುಡ್ಡದ ಮ್ಯಾಲ ಬಸವಣ್ಣನ ಗುಡಿ ಐತಿ. ಹಳೇ ಬಸವಣ್ಣನ ಕೋಡು, ಕಿವಿ ಉದುರಿದ್ವು ಅಂತ ಊರವ್ರು ವಿಜಾಪುರದಾಗ ಹೊಸಾ ಕಲ್ಲಿನ ಬಸವಣ್ಣನ್ನ ಕಡಿಸಿದ್ರು. ಎತ್ತರ ನನ್ನ ಎದಿಮಟ, ಒಜ್ಜಿ ಮಾತ್ರ ಕೇಳಬ್ಯಾಡ್ರಿ. ಅದನ್ನ ತರೂ ಮಾತು ಬಂದಾಗ ಹೆಂಡ್ತಿ ಅಣ್ಣ ಮೀಸಿ ತಿರುವಿದ. ತಾನು ಹೊಸಾ ಟ್ರಕ್ಕು ತಗೊಂಡೇನಿ, ಅಳಿಯನ ಮುದಿ ಗಾಡಿಗೆ ಗುಡ್ಡ ನೀಗೂದಿಲ್ಲ, ತಾನ ತರ್ತೀನಿ ಅಂತ ಊರ ಮಂದಿ ಮುಂದ ಹೇಳಿದ.

ನನಗ ಸಿಟ್ಟು ನೆತ್ತಿಗೇರಿತು. ಈ ಊರ ಅಳಿಯ ನಾನು, ಬಸವಣ್ಣನ್ನ ತರಾಂವ ನಾನ, ಮಧ್ಯಾನದ ಮುಹೂರ್ತದೊಳಗ ಗುಡ್ಡದ ಮ್ಯಾಲ ಇಳಸಲಿಲ್ಲಂದ್ರ ಮುಂದ ನಿಮ್ಮ ಮನಿ ಹೊಸ್ತಿಲಾ ತುಳಿಯೂದಿಲ್ಲ ಅಂತ ಅಂದಬಿಟ್ನಿ. ಅಂದ ಮ್ಯಾಲ ಹೆಂಡ್ತಿ ಮಾರಿ ನೋಡಿದ್ನಿ. ನಾ ಹೊಸ್ತಿಲಾ ತುಳೀಲಿಲ್ಲಂದ್ರ ಅಕಿ ಒಬ್ಬಾಕೀನ ತವರಿಗೆ ಹೋಗಬೇಕು, ಹೋದಾಗೊಮ್ಮೆ ಗಂಡ ಯಾಕ ಬಂದಿಲ್ಲ ಅಂತ ಓಣಿಗೆಲ್ಲ ಹೇಳಬೇಕು. ಟ್ರಕ್ಕಿಗೆ ಹಾಕಿಸಿದಂಗ ನಿಮ್ಮ ಬಾಯಿಗೂ ಒಂದು ಬ್ರೇಕ್ ಹಾಕಿಸ್ಕೋರಿ ಅಂದ್ಳು.

ತೊರವಿ ಏರು

ಮುಹೂರ್ತದ ದಿನ ಹೊತ್ತು ಹೊಂಡೂದ್ರಾಗ ವಿಜಾಪುರದಾಗ ಕ್ರೇನ್ ಹಚ್ಚಿ ಬಸವಣ್ಣನ್ನ ಟ್ರೇಲರ್ ಮ್ಯಾಲ ಕುಂದ್ರಿಸಿದ್ವಿ. ಬಾಜೂಕ ಊರ ಪೂಜಾರಿ ಛತ್ರಿ ಹಿಡಕೊಂಡು ಕುಂತ. ಕ್ಯಾಬಿನ್ನಾಗ ನಾನು, ಹೆಂಡ್ತಿ, ಅಕಿ ಅಜ್ಜ. ಈ ಅಜ್ಜ ಹುಟ್ಟಿದಾಗಿಂದ ಎತ್ತಿನ ಬಾಲ ಹಿಡದಾಂವ. ಇಂಜಿನ್ನು, ಗೇರು ಅಂದ್ರ ಆಂವಗ ಲೆಕ್ಕಕ್ಕಿಲ್ಲ. ನಾ ಬ್ರೇಕ್ ಹಾಕಿದ್ರ ಬಾಜೂಕ ಕುಂತು "ಹೋ, ಹೋ" ಅಂತಾನ, ಗಾಡಿ ನಿಂತಿದ್ದು ತನ್ನ ಮಾತಿಗೇ ಅಂತ ತಿಳಕೊಂತಾನ.

ಗಾಂಧಿ ಚೌಕದಾಗ ಆಟೋದವ್ರ ಬೈಗಳಾ ತಿಂದು ಹೆಂಗೋ ಊರು ದಾಟಿದ್ವಿ. ತೊರವಿ ಹತ್ರ ಏರು ಬಂತು. ಗೇರ್ ಇಳಿಸಿದ್ದ ತಡ, ಕಿರ್ರ್ ಕಿರ್ರ್ ಅಂತ ಸಪ್ಪಳ ಸುರುವಾತು. ಗಾಡಿ ನಿಲ್ಲಿಸಿ, ಮುಹೂರ್ತಕ್ಕಂತ ಹಾಕ್ಕೊಂಡ ಬಿಳೀ ಅಂಗಿ ಮ್ಯಾಲನ ಕೆಳಗ ಹೊಕ್ಕು ಎಲ್ಲಾ ತಡವಿ ನೋಡಿದ್ನಿ. ಏನೂ ಇಲ್ಲ. ಅಂಗಿ ಮಾತ್ರ ಕರ್ರಗಾತು. ಮತ್ತ ಚಾಲೂ ಮಾಡಿದ್ನಿ, ಮತ್ತ ಕಿರ್ರ್ ಕಿರ್ರ್.

ಹೆಂಡ್ತಿ ಗದ್ದಾ ಎತ್ತಿ ಅಜ್ಜನ ಕಡಿ ತೋರ್ಸಿದ್ಳು. ಅಜ್ಜ ಎರಡೂ ಕೈ ಮುಂದಿನ ಪಟ್ಟಿಗೆ ಕೊಟ್ಟು, ಕಾಲು ಊರಿ, ಹಲ್ಲು ಕಚ್ಚಿ ಮುಂದ ನೂಕಾಕತ್ತಿದ್ದ. ಆಂವ ನೂಕಿದಾಗೊಮ್ಮೆ ಸೀಟಿನ ಸ್ಪ್ರಿಂಗು ಒದರತಿತ್ತು. ಏನ್ ಮಾಡಾಕತ್ತಿ ಅಜ್ಜಾ ಅಂತ ಕೇಳಿದ್ರ, ಏರು ಐತಲ್ಲ, ಅದೊಂದ ಎಷ್ಟಂತ ಎಳೀಬೇಕು ಪಾಪ, ಒಂದೀಟು ಆಸರಾಗಾಕತ್ತೇನಿ ಅಂದ. ಒಳಗ ಕುಂತು ನೂಕಿದ್ರ ಗಾಡಿಗೆ ಏನೂ ಉಪಯೋಗಿಲ್ಲ ಅಂತ ನಾ ಚೀರಿದ್ನಿ. ಆ ಮಾತು ಅಜ್ಜಗ ಖರೇ ಅನಿಸ್ತು. ಬಾಗಲಾ ತಗದು ಇಳದಬಿಟ್ಟ, ತಾನಿಲ್ಲದಿದ್ರ ಅಷ್ಟರ ಹಗುರಾಗ್ಲಿ ಅಂತ.

ನಾವು ಮದಲ್ನೇ ಗೇರಿನ್ಯಾಗ ಗುರುಗುಟ್ಟಿಕೋತ ಏರು ಮುಗಿಸೂದ್ರಾಗ, ಅಜ್ಜ ಮ್ಯಾಲಿನ ಸಣ್ಣ ಸೇತುವಿ ಕಟ್ಟಿ ಮ್ಯಾಲ ಕುಂತು, ಎಲಿ ಅಡಕಿ ಹಾಕ್ಕೊಂಡು, ಒಂದು ಸರ್ತಿ ಉಗುಳಿದ್ದೂ ಆಗಿತ್ತು.

ತಿಕೋಟಾದ ಮೇಸ್ತ್ರಿ

ಬಬಲೇಶ್ವರಕ್ಕ ಸೀದಾ ದಾರಿ ಬಿಟ್ಟು ತಿಕೋಟಾ ಸುತ್ತಿ ಯಾಕ ಹೋದಿ ಅಂತ ನೀವು ಕೇಳ್ತೀರಿ. ತಿಕೋಟಾದಾಗ ಅಜ್ಜನ ತಂಗಿ ಅದಾಳ. ಬಸವಣ್ಣ ತನ್ನ ಬಾಗಲಾ ಮುಂದ ಹಾಯಬೇಕು, ತಾ ಕಾಯಿ ಒಡೀಬೇಕು ಅಂತ ಅಕಿ ಹಟ. ಅಕಿ ಹಟದ ಮುಂದ ನಕಾಶಿ ನಡಿಯೂದಿಲ್ಲ.

ತಿಕೋಟಾ ಇನ್ನಾ ಸ್ವಲ್ಪ ದೂರ ಇದ್ದಾಗ ಮತ್ತೊಂದು ಏರಿನ್ಯಾಗ ಖರೇ ಸಪ್ಪಳ ಬಂತು. ಮದ್ಲ ಸುಂಯ್ ಅಂತ ಸಣ್ಣಗ, ಆಮ್ಯಾಲ ಬುಸ್ ಅಂತ. ಅಜ್ಜನ ಕಡಿ ನೋಡಿದ್ನಿ, ಆಂವ ಕೈ ಕಟ್ಟಿ ಕುಂತಿದ್ದ. ಸಪಾಟ ದಾರಿ ಬಂದ ಕೂಡ್ಲೇ ಸಪ್ಪಳ ಮಾಯ.

ತಿಕೋಟಾದಾಗ ಅಕಿ ಕಾಯಿ ಒಡದ ಮ್ಯಾಲ ಒಬ್ಬ ಮೇಸ್ತ್ರಿ ಗ್ಯಾರೇಜಿನ ಮುಂದ ಗಾಡಿ ಹಚ್ಚಿದ್ನಿ. ಆಂವ ಕಬ್ಬಿಣದ ಸರಳಿನ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ತುದಿ ಕಿವಿಗೆ ಹಚ್ಚಿಕೊಂಡು ಭಾಳ ಹೊತ್ತು ನಿಂತ. ದವಾಖಾನಿ ಬಾಗಲಕ್ಕ ಬಂದ ಕೂಡ್ಲೇ ಹುಡುಗನ ಜ್ವರ ಇಳದಂಗ, ನನ್ನ ಗಾಡಿ ಗಪ್ಪಚಿಪ್ಪ. ಈ ಸಪ್ಪಳಕ್ಕ ಏರೂ ಬೇಕು, ಒಜ್ಜೀನೂ ಬೇಕು, ನನ್ನ ಗ್ಯಾರೇಜಿನ್ಯಾಗ ಏರಿಲ್ಲ, ನೀವು ಬಾಯಿಲೆ ಮಾಡಿ ತೋರ್ಸ್ರಿ ಅಂದ.

ರಸ್ತೆದಾಗ ನಿಂತು ನಾ ಸುಂಯ್ ಅಂದ್ನಿ. ಮೇಸ್ತ್ರಿ ಕಣ್ಣು ಮುಚ್ಚಿ ಕೇಳಿ, ಕ್ಲಚ್ ಅಂದ. ಹೆಂಡ್ತಿ ಇಳದು ಬಂದ್ಳು. ಅವರ್ದು ತಪ್ಪೈತ್ರಿ, ಅದು ಹಿಂಗ ಬರತೈತಿ ಅಂತ ಮೂಗಿನ್ಯಾಗಿಂದ ಒಂದು ಬ್ಯಾರೇನ ಸಪ್ಪಳ ತಗದ್ಳು. ಹಂಗಿದ್ರ ಬೇರಿಂಗ್ ಅಂದ. ನಾನು ನಂದ ಖರೇ ಅಂದ್ನಿ, ಅಕಿ ತಂದ ಖರೇ ಅಂದ್ಳು, ಇಬ್ರೂ ಒಬ್ಬರ ಮಾರಿಗೊಬ್ಬರು ಸುಂಯ್ ಬುಸ್ ಮಾಡಾಕತ್ತಿದ್ವಿ. ಚಾದಂಗಡಿ ಮಂದಿ ಕಪ್ಪು ಹಿಡಕೊಂಡು ಸುತ್ತ ನಿಂತಿದ್ರು.

ಕಡೀಕ ಅಜ್ಜಗ ತಡಕೊಳ್ಳಾಕ ಆಗಲಿಲ್ಲ. ನಮ್ಮಿಬ್ರನ್ನೂ ಸರಿಸಿ, ಎದಿತುಂಬ ಉಸಿರು ತಗೊಂಡು ಸುಂಯ್ ಅಂದ, ಬುಸ್ ಅಂದ, ಅಲ್ಲಿಂದ ಕೆಮ್ಮು ಹತ್ತಿ ಬಗ್ಗಿ ನಿಂತ. ಮೇಸ್ತ್ರಿ ಗಾಬರಿಯಾಗಿ ಕಣ್ಣು ತಗದ.

"ಗಾಡಿದು ಆಮ್ಯಾಲ ನೋಡೂಣ್ರಿ," ಅಂದ, "ಮದ್ಲ ಯಜಮಾನ್ರನ್ನ ದವಾಖಾನಿಗೆ ಕರ್ಕೊಂಡು ಹೋಗ್ರಿ."

ಮನಿ ಮಂದಿ ಗ್ರೂಪು

ತಿಕೋಟಾ ಬಿಟ್ಟು ಬಬಲೇಶ್ವರದ ದಾರಿ ಹಿಡದಾಗ ಹೆಂಡ್ತಿ ಅಣ್ಣನ ಫೋನ್ ಬಂತು. ನಾವು ಆಗ ಏರಿನ್ಯಾಗನ ಇದ್ವಿ. ಫೋನಿನ್ಯಾಗನ ಆಂವಗ ಬುಸ್ ಕೇಳಿಸ್ತು. ಏನದು ಅಂದ. ಗಾಳಿ ಅಂದ್ನಿ. ಆಂವ ನಕ್ಕ ನಗು ಕೇಳಿದ್ರ ನಿಮಗೂ ಸಿಟ್ಟು ಬರ್ತಿತ್ತು. ಸಪ್ಪಳಾ ರೆಕಾರ್ಡ್ ಮಾಡಿ ಕಳಸ್ರಿ, ನಾ ಇಲ್ಲೇ ಕುಂತು ಏನಾಗೇತಿ ಅಂತ ಹೇಳ್ತೀನಿ, ಇಲ್ಲಂದ್ರ ಸರಪಳಿ ತಗೊಂಡು ನಾನ ಬರ್ತೀನಿ ಅಂದ.

ನಾ ಬ್ಯಾಡ ಅನ್ನೂದ್ರಾಗ ಹೆಂಡ್ತಿ ಫೋನು ಕಿಡಕ್ಯಾಗ ಹಿಡದು ರೆಕಾರ್ಡ್ ಮಾಡಿದ್ಳು. ಮಾಡಿ ಅಣ್ಣಗ ಕಳಸೂ ಬದ್ಲಿ, ಗಡಬಡಿಯೊಳಗ ತವರ ಮನಿ ಮಂದಿಯೆಲ್ಲ ಇರೂ ಗ್ರೂಪಿಗೆ ಹಾಕಿಬಿಟ್ಳು. ಸೊಲ್ಲಾಪುರದ ಸೋದರಮಾವ ಡೀಸೆಲ್ಲಿನ್ಯಾಗ ನೀರು ಸೇರೇತಿ ಅಂತ ಬರದ. ಇನ್ನೊಬ್ಬಾಂವ ಗಾಡಿಗೆ ದೃಷ್ಟಿ ಆಗೇತಿ, ಲಿಂಬಿಹಣ್ಣು ಕಟ್ರಿ ಅಂದ. ಒಬ್ಬಾಕಿ ಏನೂ ಕೇಳಲಾರ್ದ ಹುಟ್ಟುಹಬ್ಬದ ಶುಭಾಶಯ ಹಾಕಿದ್ಳು. ಅಷ್ಟರಾಗ ಹೆಂಡ್ತಿ ಚಿಗವ್ವ ಬರದ್ಳು: ಇದು ಗಾಡಿ ಸಪ್ಪಳಲ್ಲ, ಬಸವಣ್ಣ ಉಸಿರಾಡಾಕತ್ತಾನ.

ಅಲ್ಲಿಗೆ ಗ್ರೂಪಿನ್ಯಾಗ ಮುಗಿದ ಕೈಗಳ ಸಾಲು ಹತ್ತಿತು. ಅವ್ರು ಮತ್ತೊಬ್ರಿಗೆ ಕಳಿಸಿದ್ರು, ಅವ್ರು ಇನ್ನೊಬ್ರಿಗೆ ಕಳಿಸಿದ್ರು. ಕೈ ಮುಗೀಲಾರ್ದಾಂವ ಹೆಂಡ್ತಿ ಅಣ್ಣ ಒಬ್ಬನ.

"ಉಸಿರಾಡಾಕತ್ತಿದ್ರ ಇಳದು ನಡಕೋತ ಬಾ ಅಂತ ಹೇಳ್ರಿ," ಅಂತ ಬರದಿದ್ದ, "ಅಳಿಯನ ಗಾಡಿಗಿಂತ ಲಗೂ ಬರ್ತಾನ."

ಬಬಲೇಶ್ವರದ ಆರತಿ

ನಮಗಿಂತ ಮದ್ಲ ಸುದ್ದಿ ಬಬಲೇಶ್ವರ ಮುಟ್ಟಿತ್ತು. ಹೆಣ್ಣಮಕ್ಕಳು ಆರತಿ ಹಿಡಕೊಂಡು ರಸ್ತೆಗೆ ಅಡ್ಡ ನಿಂತಿದ್ರು. ಉಸಿರಾಡೂ ಬಸವಣ್ಣನ್ನ ನೋಡಲಾರ್ದ ಬಿಡೂದಿಲ್ಲಂತ. ಹೊತ್ತು ನೆತ್ತಿ ಕಡಿ ಏರಾಕತ್ತಿತ್ತು. ಅದು ನನ್ನ ಗಾಡಿ ಸಪ್ಪಳ ಐತ್ರೆವ್ವಾ, ಬಿಡ್ರಿ ಅಂತ ಕೈ ಮುಗದ್ನಿ. ಮುಂದ ನಿಂತ ಒಬ್ಬ ಮುದುಕಿ, ನಿನ್ನ ಗಾಡಿ ಸುದ್ದಿ ಯಾರು ಕೇಳ್ಯಾರ, ಸುಮ್ನ ಕುಂದ್ರು ಅಂದ್ಳು.

ನನ್ನ ಟ್ರಕ್ಕಿನ ಹೊಗಿ ಕೊಳವಿ ಕ್ಯಾಬಿನ್ನಿನ ಹಿಂದ ಮ್ಯಾಲ ಐತಿ. ಟ್ರೇಲರ್ ಮ್ಯಾಲ ಮುಂದ ಮಾರಿ ಮಾಡಿ ಕುಂತ ಬಸವಣ್ಣಗ ಅದು ಸೀದಾ ಮೂಗಿನ ಮುಂದ. ಇಂಜಿನ್ ಚಾಲೂನ ಇತ್ತು. ಒಬ್ಬಾಕಿ ಟ್ರೇಲರ್ ಹತ್ತಿ ಬಸವಣ್ಣನ ಮೂಗಿಗೆ ಕೈ ಹಿಡದ್ಳು, ಹಿಡದಾಕಿ ಅಂಜಿ ಕೈ ಹಿಂದ ತಗೊಂಡ್ಳು. ಬಿಸಿ ಉಸಿರು ಬರಾಕತ್ತೈತಿ ಅಂದ್ಳು. ಪೂಜಾರಿಗೆ ಎಲ್ಲಾ ಗೊತ್ತಿತ್ತು. ಆದ್ರ ಕಾಯಿ, ಬಾಳಿಹಣ್ಣು ಬಂದು ಉಡ್ಯಾಗ ಬೀಳಾಕತ್ತಿದ್ವು. ಆಂವ ಕಣ್ಣು ಮುಚ್ಚಿ ಮಂತ್ರಕ್ಕ ಕುಂತ.

ಕಡೀಕ ಆ ಮುದುಕೀನ ಹತ್ತಿದ್ಳು. ಬಸವಣ್ಣನ ಮೂಗಿಗೆ ಮೂಗು ಹಚ್ಚಿ ಎರಡು ಸರ್ತಿ ಮೂಸಿ ನೋಡಿ, ಸಾವಕಾಶ ಇಳದು ಉಳದವ್ರಿಗೆ ಹೇಳಿದ್ಳು.

"ಉಸಿರು ಐತೆವ್ವಾ, ಖರೇನ ಐತಿ. ಆದ್ರ ಬಸವಣ್ಣ ಬೀಡಿ ಭಾಳ ಸೇದ್ತಾನ."

ಗುಡ್ಡ

ಗುಡ್ಡದ ಬುಡಕ್ಕ ಬಂದಾಗ ಮುಹೂರ್ತಕ್ಕ ಇನ್ನಾ ಹೊತ್ತಿತ್ತು. ಅರ್ಧ ಗುಡ್ಡ ಏರಿದ್ವಿ. ಸುಂಯ್ ಹೋಗಿ ಬುಸ್ ಆತು, ಬುಸ್ ಹೋಗಿ ಬುಸ್‌ಬುಸ್ ಆತು, ಮುಂದಿನಿಂದ ಬಿಳೀ ಹಬಿ ಎದ್ದಿತು. ಗಾಡಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಟ್ಟು ಬಾನೆಟ್ ಎತ್ತಿದ್ನಿ. ರೇಡಿಯೇಟರಿಗೆ ಕೂದಲಿನಷ್ಟು ಸೀಳು. ಏರಿನ್ಯಾಗ ಕಾದಾಗ ಅಲ್ಲಿಂದ ನೀರು, ಹಬಿ ಹೊರಗ ಬೀಳ್ತಿತ್ತು. ಮುಂಜಾನಿಂದ ಎಲ್ಲಾರೂ ಹುಡುಕಿದ ಸಪ್ಪಳ ಅದ.

ಅಷ್ಟರಾಗ ಕೆಳಗಿಂದ ಹಾರ್ನ್ ಕೇಳಿಸ್ತು. ಹೆಂಡ್ತಿ ಅಣ್ಣ ಹೊಸಾ ಟ್ರಕ್ಕಿಗೆ ಹೂವಿನ ಹಾರ ಹಾಕಿ, ಸರಪಳಿ ತಗೊಂಡು ಬಂದಿದ್ದ. ಸರೀರಿ ಅಳಿಯಂದ್ರ, ನಾ ಎಳೀತೀನಿ ಅಂದ. ಗುಡ್ಡದ ಮ್ಯಾಲಿಂದ ಅತ್ತಿ, ಮಾವ, ಊರ ಮಂದಿಯೆಲ್ಲ ಬಗ್ಗಿ ನೋಡಾಕತ್ತಿದ್ರು. ಹೆಂಡ್ತಿ ಮಾರಿ ಆಕಡೆ ತಿರುವಿದ್ಳು. ಖರೇ ಹೇಳ್ತೀನಿ, ನನಗ ಆಗ ಅಳುನ ಬಂದಿತ್ತು. ನೀರು ಹಾಕಿ ಒಂದು ಸರ್ತಿ ನೋಡ್ತೀನಿ, ಆಗಲಿಲ್ಲಂದ್ರ ಸರಪಳಿ ಹಾಕು ಅಂದ್ನಿ. ಇಂಜಿನ್ ಆರಿದ ಮ್ಯಾಲ ಅರಿವಿ ಹಿಡದು ರೇಡಿಯೇಟರಿನ ಮುಚ್ಚಳ ತಗದಿಟ್ಟು, ಕೊಡ ತಗೊಂಡು ಬಾಜೂ ಹೊಲದ ತೊಟ್ಟಿಗೆ ಓಡಿದ್ನಿ.

ಹೊಳ್ಳಿ ಬಂದು ನೋಡ್ತೀನಿ, ಅಜ್ಜ ಬಂಪರ್ ಮ್ಯಾಲ ನಿಂತಾನ. ಎತ್ತಿಗೆ ಔಷಧ ಕುಡಿಸೂ ಬಿದಿರಿನ ಗೊಟ್ಟ ರೇಡಿಯೇಟರಿನ ಬಾಯಿಗೆ ಇಟ್ಟಾನ. ಒಂದು ಕೈಲೆ ಗೊಟ್ಟ ಎತ್ತಿ ಹಿಡದು, ಇನ್ನೊಂದು ಕೈಲೆ ಗಾಡಿ ಮೈ ಸವರಿಕೋತ, ಕುಡಿ ನನ್ನಪ್ಪಾ, ಕುಡಿ ಅನ್ನಾಕತ್ತಾನ. ಗೊಟ್ಟದಾಗ ಇದ್ದಿದ್ದು ಅರಿಶಿಣ ಕಲಿಸಿದ ಹಸೀ ತತ್ತಿ. ನಮ್ಮ ಕಡಿ ದುಡಿಯೂ ಎತ್ತಿಗೆ ಇದನ್ನ ಕುಡಿಸ್ತಾರ. ಮನಿಗೆ ಬಂದ ಹೊಸಾ ಎತ್ತಿಗೆ ಕುಡಸೂದು ಪದ್ಧತಿ ಅಂತ ಅಜ್ಜ ಹೊಸಾ ಬಸವಣ್ಣನ ಸಲವಾಗಿ, ಪೂಜಾರಿಗೆ ಕಾಣಲಾರದಂಗ ಗಂಟಿನ್ಯಾಗ ಕಟ್ಟಿಕೊಂಡು ಬಂದಿದ್ನಂತ. ದಾರ್ಯಾಗ ಬಸವಣ್ಣ ಸುಮ್ನ ಕುಂತು ಬಂದ, ದಣದಿದ್ದು ಗಾಡಿ ಅಂತ ಇದಕ್ಕ ಹಾಕಿದ್ದ.

"ಅಜ್ಜಾ, ಅದು ಎತ್ತಲ್ಲೋ," ಅಂದ್ನಿ.

"ಎಳೀತೈತಿಲ್ಲ?" ಅಂದ. "ಹಂಗಿದ್ರ ಎತ್ತು."

ಬಡದಾಡಾಕ ಹೊತ್ತಿರಲಿಲ್ಲ. ಉಳದ ಜಾಗಾಕ್ಕ ನೀರು ತುಂಬಿ, ಮುಚ್ಚಳ ಬಿಗದು, ದೇವರ ಮ್ಯಾಲ ಭಾರ ಹಾಕಿ ಗಾಡಿ ಎತ್ತಿದ್ನಿ. ಸುಂಯ್ ಬರತೈತಿ ಅಂತ ಕಿವಿ ಕೊಟ್ಟು ಕುಂತ್ನಿ. ಬರಲಿಲ್ಲ. ತಿರುವು ದಾಟಿತು, ಕಡೀ ಏರು ಬಂತು, ಆಗೂ ಬರಲಿಲ್ಲ. ಒಳಗಿನ ಕಾವಿಗೆ ತತ್ತಿ ಬೆಂದು, ಅರಿಶಿಣ ಕೂಡಿ ಸೀಳು ಮುಚ್ಚಿಕೊಂಡಿತ್ತು. ಸೋರೂ ರೇಡಿಯೇಟರಿಗೆ ಅರಿಶಿಣ ಹಾಕೂದನ್ನ ಹಳೇ ಡ್ರೈವರ್‌ಗಳ ಬಾಯಾಗ ಕೇಳಿದ್ನಿ, ತತ್ತಿ ಜೋಡೀಲೆ ಕುಡಿಸಿದ್ದು ಅವತ್ತ ಕಂಡಿದ್ದು. ಮುಹೂರ್ತದೊಳಗ ಬಸವಣ್ಣ ಗುಡಿ ಮುಂದ ಇಳದ. ಹೆಂಡ್ತಿ ನನ್ನ ಕಡಿ ನೋಡಿ ನಕ್ಳು. ಮುಂಜಾನಿಂದ ನಕ್ಕಿದ್ದು ಅದ ಮದ್ಲು.

ನಾ ಅಂಗಿ ಝಾಡಿಸಿಕೊಂಡು ಮಾವನ ಮುಂದ ನಿಲ್ಲೂದ್ರಾಗ ಚಿಗವ್ವ ಬಸವಣ್ಣನ ಮೂಗಿಗೆ ಕೈ ಹಿಡದು, ಉಸಿರು ನಿಂತೈತಿ ಅಂತ ಅಳಾಕ ಹತ್ತಿದ್ಳು. ಅದರ ಜೋಡಿ ಪೂಜಾರಿ ಮೂಗು ಅರಳಿಸಿದ. ಗುಡಿ ಮುಂದ ತತ್ತಿ ಬೇಯಿಸಿದ ವಾಸನಿ ಎಲ್ಲಿಂದ ಬರಾಕತ್ತೈತಿ ಅಂದ. ಎಲ್ಲಾರ ಮೂಗೂ ನನ್ನ ಗಾಡಿ ಕಡಿ ಹೊಳ್ಳಿದ್ವು. ಅತ್ತಿ ನನ್ನ ಮಾರಿ ನೋಡಿದ್ಳು. ಬಸವಣ್ಣನ್ನ ಕರಕೊಂಡು ಬರೂವಾಗ ದಾರ್ಯಾಗ ಆಮ್ಲೆಟ್ ತಿಂದ ಅಳಿಯ ಅಂತ ಅಕಿ ಕಣ್ಣು ಹೇಳಾಕತ್ತಿದ್ವು. ಹತ್ತಿದ ಗುಡ್ಡ ಹೋತು, ಹೊಸ್ತಿಲಾನೂ ಹೋತು ಅಂದ್ಕೊಂಡ್ನಿ.

ಅಜ್ಜ ನಡಬರಕ ಬಂದ. ತತ್ತಿ ಕುಡಿಸಿದಾಂವ ನಾನು, ಎಳಿಯೂ ಎತ್ತಿಗೆ ಕುಡಿಸೇನಿ, ನಾವು ತಿನ್ನೂದಿಲ್ಲಂತ ಎತ್ತಿಗೂ ಬ್ಯಾಡಂದಾಂವ ಈ ಊರಾಗ ಯಾಂವ ಅದಾನ ಹೇಳ್ರಿ ಅಂದ. ಪೂಜಾರಿ ಮನ್ಯಾಗೂ ಎತ್ತು ಅದಾವ, ಆಂವ ಆರತಿ ತಟ್ಟಿ ಕೈಗೆ ತಗೊಂಡ. ಯಾವ ಎತ್ತಿಗೆ ಅಂತ ಯಾರೂ ಕೇಳಲಿಲ್ಲ. ಚಿಗವ್ವ ಕಣ್ಣೊರಸಿಕೊಂಡು, ಬಸವಣ್ಣನ ಹೊಟ್ಟಿ ತುಂಬೇತಿ, ಅದಕ್ಕ ಬುಸುಗುಟ್ಟೂದು ನಿಂತೈತಿ ಅಂದ್ಳು. ಮಾವ ಬಂದು ನನ್ನ ತಲಿಗೆ ರುಮಾಲು ಸುತ್ತಿದ.

ಹೆಂಡ್ತಿ ಅಣ್ಣ ಒಬ್ಬನ ನನ್ನ ಗಾಡಿ ಬಾನೆಟ್ ಎತ್ತಿ ಒಳಗ ನೋಡಿ ಬಂದಿದ್ದ. ಬಂದಾಂವ ಅಜ್ಜನ ಕಿವ್ಯಾಗ ಸಣ್ಣಗ ಕೇಳಿದ. ಬಾಜೂಕ ನಿಂತ ನನಗ ಕೇಳಿಸ್ತು. ಖಾಲಿ ಇದ್ರೂ ತನ್ನ ಹೊಸಾ ಟ್ರಕ್ಕು ಈಗ ಗುಡ್ಡ ಏರೂವಾಗ ಏನೋ ಸಪ್ಪಳ ಮಾಡಿತಂತ, ಅದಕ್ಕ ಎಷ್ಟು ತತ್ತಿ ಕುಡಿಸಬೇಕಂತ.

ಅಜ್ಜ ಹೋಗಿ ಹೊಸಾ ಟ್ರಕ್ಕಿನ ಸುತ್ತ ಒಂದು ಸುತ್ತು ಹಾಕಿದ. ಬೆನ್ನು ತಟ್ಟಿದ. ಹಾರ ಸರಿಸಿ, ಬಗ್ಗಿ, ಮುಂದಿನ ಜಾಳಿಗ್ಯಾಗ ಭಾಳ ಹೊತ್ತು ಹಣಿಕಿ ನೋಡಿದ. ಎದ್ದು ಕೈ ಝಾಡಿಸಿ, ಊರ ಮಂದಿ ಮುಂದ ಜೋರಾಗಿ ಹೇಳಿದ.

"ಇದಕ್ಕ ಇನ್ನಾ ಹಲ್ಲ ಬಂದಿಲ್ಲೋ ತಮ್ಮಾ. ತತ್ತಿ ಕೊಟ್ರ ಉಚ್ಚಿಕೊಂತೈತಿ, ಹಾಲು ಕುಡಸು. ಏರು ಹತ್ತೂದು ಕಲಿಯೂತನಕ ಅಳಿಯನ ಗಾಡಿ ಬೆನ್ನಿಗೆ ಕಟ್ಟು."