ವಾರಿಜಕ್ಕನ ನೀರುದೋಸೆ ದಿಗ್ವಿಜಯ

ಎಲೈ ಹಸಿವೆಯೇ! ಸಕಲಜೀವಕೋಟಿಯ ಜಠರಸಿಂಹಾಸನಾಧೀಶ್ವರಿಯೇ, ಬೆಳಗಾಗುತ್ತಲೇ ಋಷಿಯನ್ನೂ ರಸಿಕನನ್ನೂ ಒಂದೇ ಸಾಲಿನಲ್ಲಿ ತಟ್ಟೆ ಹಿಡಿಸಿ ಕೂರಿಸುವ ಮಹಾತಾಯಿಯೇ, ಕಥೆ ಹೇಳುವ ಈ ನಾಲಗೆಯ ಮೇಲೆ ಒಂದು ಗಳಿಗೆ ಕುಳಿತುಕೋ. ಬಹಳ ಹೊತ್ತು ಮಾತ್ರ ಕೂರಬೇಡ; ತಿಂಡಿ ಇನ್ನೂ ಆಗಿಲ್ಲ.

ಅದೊಂದು ಯುಗವಿತ್ತು, ಕೇಳಿ. ತಮ್ಮ ಮನೆಯಲ್ಲಿ ಗೊಣಗುತ್ತ ಮಾಡುವ ಅಡುಗೆಯನ್ನೇ ಜನರು ದೂರದೂರಿಗೆ ಹೋಗಿ, ಬೆವರು ಸುರಿಸಿ, ಹೊಗೆ ಕುಡಿದು, ನಗುನಗುತ್ತ ಮಾಡಿ, ಅದಕ್ಕೆ 'ರಜೆ' ಎಂದು ಹೆಸರಿಡುತ್ತಿದ್ದ ಅದ್ಭುತ ಯುಗ. ಆ ಯುಗದಲ್ಲಿ, ಕುಂದಾಪುರಕ್ಕೆ ಬಡಗಲಾಗಿ, ಕಡಲಿನ ಉಪ್ಪುಗಾಳಿಯು ತೆಂಗಿನ ಗರಿಗಳ ತಲೆ ಬಾಚುತ್ತಿದ್ದ ತೀರದಲ್ಲಿ, 'ತೆಂಗಿನೆರಳು' ಎಂಬ ಪುಟ್ಟ ವಿಲ್ಲಾ ವಿರಾಜಿಸುತ್ತಿತ್ತು. ಬಂದವರಿಗೆ ಮೂರು ಕೋಣೆ, ಎರಡು ಮರಗಳ ನಡುವೆ ಒಂದು ಬಲೆಯ ತೊಟ್ಟಿಲು, ಹಿತ್ತಲಿನಲ್ಲಿ ಹಂಚು ಹೊದೆಸಿದ ಒಂದು ಹೊರ ಅಡುಗೆಮನೆ. ಆ ಅಡುಗೆಮನೆಯಲ್ಲಿ ಅತಿಥಿಗಳಿಗೆ ಪಾಕವಿದ್ಯೆಯನ್ನು ಧಾರೆಯೆರೆಯಲು ಸೆರಗು ಸಿಕ್ಕಿಸಿ ನಿಂತವಳೇ ಕಾವಲೀಕುಲತಿಲಕೆ, ಕಾಯಿತುರಿಧವಳಹಸ್ತೆ, ಒಗ್ಗರಣೆಘೋಷವಿದಾರಿತದಿಗಂತೆ, ಶ್ರೀಮತಿ ವಾರಿಜಾಕ್ಷಿ ಶೆಡ್ತಿ. ಊರ ಬಾಯಲ್ಲಿ ವಾರಿಜಕ್ಕ.

ಇಂಥ ಮಹಾಸಾಮ್ರಾಜ್ಞಿಗೂ ಎದೆಯಲ್ಲಿ ಒಂದು ಮುಳ್ಳಿತ್ತು. ಆ ಮುಳ್ಳು ಬಲೆಯ ತೊಟ್ಟಿಲಲ್ಲಿ ಮಲಗಿತ್ತು. ನಿದ್ರಾಸಾಮ್ರಾಜ್ಯಧುರಂಧರರಾದ ಆಕೆಯ ಪತಿ ಸಂಜೀವ ಶೆಟ್ಟರಿಗೆ ಈ ಅಡುಗೆ ಪಾಠದಲ್ಲಿ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಅವರ ತಪ್ಪೂ ಅಲ್ಲವೆನ್ನಿ. ಅದುವರೆಗೆ ಬಂದ ಅತಿಥಿಗಳು ಅಕ್ಕಿ ನೆನೆದದ್ದನ್ನು ಕಂಡು ಚಪ್ಪಾಳೆ ತಟ್ಟಿ, ಕಾವಲಿಯ ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿಕೊಂಡು, ಸೌಟನ್ನು ಮುಟ್ಟದೆ ಕಡಲಿಗೆ ಓಡಿದವರೇ.

"ಹ್ವಾಯ್, ದ್ವಾಸಿ ತಿಂಬುಕೆ ಜನ ಬತ್ರ್, ಕಲಿಯೂಕೆ ಯಾರ್ ಬತ್ರ್?" ಎಂದಿದ್ದರು ಶೆಟ್ಟರು, ತೊಟ್ಟಿಲಿನಿಂದ ಒಂದು ಕಾಲು ಮಾತ್ರ ಹೊರಗಿಟ್ಟು. "ಆ ಕೋಣಿಯಂಗೆ ಒಂದ್ ಕೇರಂ ಬೋರ್ಡ್ ಹಾಕುವ. ಬಂದವ್ರ್ ಆಡ್ಕಂಡಿರ್ಲಿ."

ತನ್ನ ಅಡುಗೆಮನೆಯಲ್ಲಿ ಕೇರಂ ಬೋರ್ಡ್! ವಾರಿಜಕ್ಕನ ಕೈಯಲ್ಲಿದ್ದ ತೆಂಗಿನಕಾಯಿ ಕತ್ತಿ ಮುಟ್ಟುವ ಮೊದಲೇ ಒಡೆದೀತು ಎನ್ನುವಷ್ಟು ಸಿಟ್ಟು ಬಂತು. ಆಗ ಆಕೆ ಸಮುದ್ರವನ್ನೂ ಸಿಲಿಂಡರನ್ನೂ ಸಾಕ್ಷಿಯಾಗಿಟ್ಟು ಘೋರಪ್ರತಿಜ್ಞೆ ಮಾಡಿದಳು:

"ಕಾಣಿ, ಈ ಸಲ ಬಪ್ಪು ನೆಂಟ್ರ್ ಅವ್ರ್ ಕೈಯಾರೆ ಒಂದ್ ನೀರ್ ದ್ವಾಸಿ ಹೊಯ್ದ್, ಅದ್ ಹರೀದೆ ಇಡೀ ಎದ್ರೆ, ಈ ಕೋಣಿ ನನ್ದ್. ಏಳ್ದಿದ್ರೆ ನೀವ್ ಕೇರಂ ಬೋರ್ಡಾರೂ ಹಾಕಣಿ, ಕುದ್ರಿಯಾರೂ ಕಟ್ಟಣಿ!"

"ಒಂದ್ ದ್ವಾಸಿ ಸಾಕಾ?"

"ಒಂದೇ ಸಾಕ್!"

ಹೀಗೆ ಒಂದು ಸಾಮ್ರಾಜ್ಯದ ಅಳಿವು ಉಳಿವು ಒಂದು ದೋಸೆಯ ಅಂಚಿನಲ್ಲಿ ನೇತಾಡತೊಡಗಿತು.

ಬಂದರಯ್ಯ ಅತಿಥಿಗಳು, ಗದಗದ ಕಡೆಯಿಂದ! ಮುಂದೆ ನೀಲಗಂಗವ್ವ ಹೊಸಮನಿ. ಹೈಸ್ಕೂಲಿನಲ್ಲಿ ಡ್ರಿಲ್ ಟೀಚರಾಗಿ ಮೂರು ತಲೆಮಾರಿನ ಮಕ್ಕಳನ್ನು ಬಿಸಿಲಲ್ಲಿ ನೆಟ್ಟಗೆ ನಿಲ್ಲಿಸಿ ನಿವೃತ್ತಳಾದ ಶಿಳ್ಳೆಕಂಠೀರವೆ, ರೊಟ್ಟಿಮಂಡಲಮಾರ್ತಾಂಡೆ. ಹಿಂದೆ ಚೀಲ ಹೊತ್ತ ಆಕೆಯ ಯಜಮಾನರು ಚೆನ್ನವೀರಪ್ಪ. ಮೌನವೇ ಆಭರಣವಾದ ಮಹಾನುಭಾವರು. ಆ ಚೀಲದೊಳಗೆ ಏನಿತ್ತು? ಜೋಳದ ಹಿಟ್ಟು! ಪರಸ್ಥಳದಲ್ಲಿ ಅನ್ನ ನೀರು ಹೇಗೋ ಏನೋ ಎಂದು, ಊರು ಬಿಡುವಾಗಲೆಲ್ಲ ಚೀಲದ ತಳಕ್ಕೆ ಹಿಟ್ಟು ತುಂಬಿಕೊಂಡೇ ಹೊರಡುವುದು ಹೊಸಮನಿಯವರ ಪದ್ಧತಿ.

"ಅಕ್ಕಾರ, ಬರೇ ನೋಡ್ಕೋತ ಕುಂದ್ರಾಕಿ ನಾ ಅಲ್ರಿ," ಎಂದಳು ನೀಲಗಂಗವ್ವ ಬಂದ ಕೂಡಲೇ. "ನಾನ ಮಾಡಬೇಕು, ನಾನ ಕಲೀಬೇಕು."

ವಾರಿಜಕ್ಕನ ಕಣ್ಣಲ್ಲಿ ನೀರು ಬಂತು. ಈಕೆಗಾಗಿಯೇ ಈ ಕಾವಲಿ ಇಷ್ಟು ವರ್ಷ ಕಾದದ್ದು ಎಂದುಕೊಂಡಳು.

ಮರುದಿನ ಬೆಳಿಗ್ಗೆ, ಬಾಲಸೂರ್ಯನು ಪೂರ್ವದ ಗುಡ್ಡದ ಮೇಲೆ ಕೆಂಪಗೆ ಕಾದ ಕಾವಲಿಯಂತೆ ಮೂಡಿದಾಗ, ರಣರಂಗ ಸಜ್ಜಾಯಿತು. ಒಲೆಯ ಮೇಲೆ ಕಬ್ಬಿಣದ ಕಾವಲಿ. ಪಕ್ಕದಲ್ಲಿ ಪಾತ್ರೆ. ಪಾತ್ರೆಯೊಳಗೆ ನುಣ್ಣಗೆ ಅರೆದ ಅಕ್ಕಿಹಿಟ್ಟು, ನೀರಿಗಿಂತ ಒಂದೇ ಒಂದು ಮೆಟ್ಟಿಲು ಮೇಲೆ. ನೀಲಗಂಗವ್ವ ಅದರೊಳಗೆ ಬಗ್ಗಿ ನೋಡಿದಳು. ಒಳಗಿನಿಂದ ನೀಲಗಂಗವ್ವನೇ ಬಗ್ಗಿ ನೋಡಿದಳು.

'ಅಯ್ಯ ಶಿವನ, ಹಿಟ್ಟಿನಾಗ ನನ್ನ ಮಾರಿ ಕಾಣಾಕತ್ತೇತಲ್ಲ!' ಎಂದು ಆಕೆಯ ಅಂತಃಕರಣ ಚೀರಿತು. ಪಾಪ, ಬೆಳಗಿನ ಗಡಿಬಿಡಿಯಲ್ಲಿ ಈ ತಾಯಿಯ ಕೈಯಿಂದ ತಂಬಿಗೆ ಜಾರಿದೆ, ಹಿಟ್ಟೆಲ್ಲ ಹೊಳೆಯಾಗಿದೆ, ಅತಿಥಿಗಳ ಮುಂದೆ ಹೇಳಲು ನಾಚಿಕೆ. ಅದಕ್ಕೇ ಏನೂ ಆಗದವಳಂತೆ ನಗುತ್ತಾಳೆ! ಹೆಣ್ಣಿನ ಕಷ್ಟ ಹೆಣ್ಣಿಗಲ್ಲದೆ ಇನ್ನಾರಿಗೆ ಗೊತ್ತು? ವಾರಿಜಕ್ಕ ಕಾವಲಿಗೆ ಎಣ್ಣೆ ಸವರಲು ಅರ್ಧ ಈರುಳ್ಳಿ ತರುತ್ತೇನೆಂದು ಒಳಗೆ ಹೋದದ್ದೇ ತಡ, ಕರುಣಾಸಾಗರೆಯಾದ ನೀಲಗಂಗವ್ವ ಕೋಣೆಗೆ ಧಾವಿಸಿ, ಚೀಲ ಬಿಚ್ಚಿ, ಸೆರಗಿನಡಿಯಲ್ಲಿ ಹಿಟ್ಟು ತಂದು, ಬೊಗಸೆ ಬೊಗಸೆಯಾಗಿ ಸುರಿದು, ಗರಗರ ಕಲೆಸಿ, ಏನೂ ಅರಿಯದ ಹಸುಳೆಯಂತೆ ಕೈಕಟ್ಟಿ ನಿಂತಳು.

ವಾರಿಜಕ್ಕ ಮರಳಿ ಬಂದು ಸೌಟಾಡಿಸಿದಳು. ಸೌಟು ನಿಂತುಕೊಂಡಿತು! ಹಿಡಿಯುವವರಿಲ್ಲದೆ, ಧ್ವಜಸ್ತಂಭದಂತೆ, ತಾನಾಗಿಯೇ.

'ಎಂತಾಯ್ತಪ್ಪ ಇದ್?' ಎಂದುಕೊಂಡಳು. ಅಕ್ಕಿ ಹಳೆಯದೋ, ಅರೆದದ್ದು ಹೆಚ್ಚೋ, ಇಲ್ಲಾ ತನ್ನ ಕೈಯ ಅಂದಾಜೇ ತಪ್ಪಿತೋ? ಅತಿಥಿಯ ಎದುರು ಅಳುಮೋರೆ ತೋರಿಸುವಂತಿಲ್ಲ. ಒಂದು ಕೊಡಪಾನ ನೀರೆತ್ತಿ ಸುರಿದುಬಿಟ್ಟಳು.

"ಅಕ್ಕಾರ!" ನೀಲಗಂಗವ್ವ ಎರಡೂ ಕೈ ತಲೆಯ ಮೇಲಿಟ್ಟುಕೊಂಡಳು. "ಮತ್ತ ನೀರ ಹಾಕಿದ್ರೆಲ್ರಿ! ನಾ ಈಗರ ಜ್ವಾಳದ ಹಿಟ್ಟ ಹಾಕಿ ಗಟ್ಟಿ ಮಾಡಿದ್ನಿ!"

"ಜೋಳದ ಹಿಟ್ಟಾ?" ವಾರಿಜಕ್ಕನ ದನಿ ಕಡಲಾಚೆಯಿಂದ ಬಂದಂತಿತ್ತು. "ನೀರ್ ದ್ವಾಸಿಗಾ? ಟೀಚರೇ, ಇದ್ ನೀರೇ ಇರ್ಕ್!"

"ನೀರ ಇದ್ರ ಕುಡೀಬೇಕ್ರಿ, ಕಾದ ಹಂಚಿನ ಮ್ಯಾಲ ಯಾಕ ಹಾಕಬೇಕು?"

ಆಗ ಶುರುವಾಯಿತಯ್ಯ ಸಮರ! ಆದರೆ ಎಂಥ ಸಮರ? ಅತಿಥಿಯನ್ನು ಗದರುವಂತಿಲ್ಲ, ಮನೆಯಾಕೆಯನ್ನು ಜರೆಯುವಂತಿಲ್ಲ. ಹೀಗಾಗಿ ಇಬ್ಬರು ವೀರಾಂಗನೆಯರೂ ಹಲ್ಲು ಕಾಣುವಂತೆ ನಗುತ್ತಲೇ ಹೋರಾಡಬೇಕಾದ ಸಂಕಟ. "ಒಂದ್ ಚೂರ್ ನೀರ್ ಹಾಕ್ತೆ, ಅಡ್ಡಿಲ್ಯಾ?" ಎಂದು ಈಕೆ ವಾರುಣಾಸ್ತ್ರ ಬಿಟ್ಟರೆ, "ಹಾಕ್ರಿ ಹಾಕ್ರಿ, ನಾ ಒಂದ ಹಿಡಿ ಹಿಟ್ಟ ಹಾಕ್ತೀನಿ" ಎಂದು ಆಕೆ ಜೋಳಾಸ್ತ್ರ ಹೂಡುವಳು. ನೀರಿಗೆ ಹಿಟ್ಟು, ಹಿಟ್ಟಿಗೆ ನೀರು. ಪಾತ್ರೆ ತುಂಬಿತು; ದೊಡ್ಡ ಪಾತ್ರೆಗೆ ಸುರಿದರು. ಅದೂ ತುಂಬಿತು. ಕೊನೆಗೆ ಅತಿಥಿಗಳ ಬಚ್ಚಲಿಗೆಂದು ತಂದು ಇನ್ನೂ ಚೀಟಿ ಕಿತ್ತಿರದ ಹೊಸ ನೀಲಿ ಬಾಲ್ದಿಯೇ ರಣಭೂಮಿಗೆ ಇಳಿಯಬೇಕಾಯಿತು.

ನಡುವೆ ಒಮ್ಮೆ ಹಿಟ್ಟಿನ ಕೈ ಮೇಲಾದ ಹೊತ್ತಿನಲ್ಲಿ ನೀಲಗಂಗವ್ವ ರಣಾವೇಶದಿಂದ ಒಂದು ಸೌಟು ತೆಗೆದು ಕಾವಲಿಗೆ ಹಾಕಿಯೇಬಿಟ್ಟಳು. ಅದು ಹರಡಲಿಲ್ಲ, ಬಿದ್ದಲ್ಲೇ ಕುಳಿತುಕೊಂಡಿತು. ಜನ್ಮದ ಅಭ್ಯಾಸ ಎಲ್ಲಿ ಬಿಡುತ್ತದೆ? ಒದ್ದೆ ಕೈಯಿಂದ ಅದನ್ನು ಪಟಪಟ ತಟ್ಟಲು ಹೋಗಿ, "ಯವ್ವಾ!" ಎಂದು ಬೆರಳು ಬಾಯಿಗಿಟ್ಟುಕೊಂಡಳು. ಮುದ್ದೆಯು ಕಾವಲಿಯನ್ನು ಅಪ್ಪಿಕೊಂಡಿತು. ಸಟ್ಟುಗ ಬಂತು, ಚಾಕು ಬಂತು, ಕೊನೆಗೆ ತೆಂಗಿನ ಚಿಪ್ಪು ಬಂತು. ಎದ್ದದ್ದು ಚೂರು ಚೂರು. ವಾರಿಜಕ್ಕನ ಕಿವಿಯಲ್ಲಿ ಎಲ್ಲಿಂದಲೋ ಕೇರಂ ಕಾಯಿ 'ಟಕ್' ಎಂದು ಪಾಕೆಟ್ಟಿಗೆ ಬಿದ್ದ ಸದ್ದು.

ಸುಟ್ಟ ಬೆರಳನ್ನು ಊದಿಕೊಳ್ಳುತ್ತ ರೊಟ್ಟಿಮಂಡಲಮಾರ್ತಾಂಡೆ ಗರ್ಜಿಸಿದಳು:

"ಅಕ್ಕಾರ, ನಾ ಏನ್ ಸಣ್ಣಾಕಿ ಅಲ್ರಿ! ನಮ್ಮ ತಮ್ಮನ ಮದವಿಯೊಳಗ ನಾ ರೊಟ್ಟಿ ಬಡ್ಯಾಕ ಕುಂತ್ರ, ಆ ಸಪ್ಪಳಕ್ಕ ಬ್ಯಾಂಡಿನವ್ರು ತಾಳ ತಪ್ಪಿ ಬಾರ್ಸೂದ ಬಿಟ್ಟಿದ್ರು! ನನ್ನ ರೊಟ್ಟಿ ನೋಡಿ ಹುಣ್ಣಿಮಿ ಚಂದ್ರ ನಾಚಿ ಮ್ವಾಡದಾಗ ಹೊಕ್ಕಾನ! ಇಂಥಾಕಿ ಮುಂದ ಈ ಹಿಟ್ಟು ಮಾತ ಕೇಳಂಗಿಲ್ಲ ಅಂದ್ರ ನಾ ಬಿಡ್ತೀನೇನ್ರಿ?"

ವಾರಿಜಕ್ಕ ಸೆರಗನ್ನು ಇನ್ನೊಂದು ಸುತ್ತು ಬಿಗಿದಳು.

"ಟೀಚರೇ, ನಿಮ್ಮ್ ರೊಟ್ಟಿಗೊಂದ್ ದೊಡ್ಡ್ ನಮಸ್ಕಾರ. ಆದ್ರೆ ಕೇಣಿ ಇಲ್ಲಿ! ನಾನ್ ಮದಿಯಾಯ್ ಈ ಮನಿಗೆ ಬಂದ್ ಮಾರ್ನೇ ದಿನ ನನ್ನ್ ಅತ್ತಿ ಕಾವ್ಲಿ ಮುಂದ್ ಕೂರ್ಸಿದ್ರ್. ಅವತ್ತ್ ನಾನ್ ಹೊಯ್ದ್ ದ್ವಾಸಿ ಎತ್ತಿ ಹಿಡ್ದ್ ಕಂಡ್ರೆ ಆಚಿ ಬದಿಯಂಗೆ ಕಡ್ಲ್ ಕಾಂತಿತ್ತ್! ಕಡ್ಲಂಗೆ ದೋಣಿ ಕಾಂತಿತ್ತ್! ದೋಣಿಯಂಗೆ ಕೂಕಂಡವ ಬೀಡಿ ಎಳುದೂ ಕಾಂತಿತ್ತ್!"

ನೀಲಗಂಗವ್ವ ಬೆರಳು ಊದುವುದನ್ನು ಬಿಟ್ಟಳು. "ಬೀಡಿನೂ?"

"ಬೀಡಿದ್ ಹೊಗಿನೂ!"

ಇಷ್ಟರಲ್ಲಿ ಜಗಲಿಯಿಂದ ಚೆನ್ನವೀರಪ್ಪನವರು ಆ ದಿನದ ಮೊದಲ ಮಾತನ್ನು ಆಡಿದರು: "ನಾಷ್ಟಾ?"

ಉತ್ತರವಾಗಿ ಬಾಲ್ದಿಗೆ ಇನ್ನೊಂದು ಕೊಡಪಾನ ನೀರು ಬಿತ್ತು. ಅವರು ಮತ್ತೆ ಮೌನಕ್ಕೆ ಮರಳಿದರು.

ನೀಲಗಂಗವ್ವ ಮತ್ತೊಂದು ಜೋಳಾಸ್ತ್ರಕ್ಕೆಂದು, ಸಮರ ಶುರುವಾದಾಗಲೇ ಕೋಣೆಯಿಂದ ಎಳೆತಂದಿದ್ದ ಚೀಲದಲ್ಲಿ ಕೈಯಿಟ್ಟಳು. ಹಿಟ್ಟಿಲ್ಲ. ಚೀಲವನ್ನು ಮಗುಚಿ ಕೊಡವಿದಳು. ಒಂದು ಬಾಚಣಿಗೆ ಬಿತ್ತು, ಅಷ್ಟೆ. ಬತ್ತಳಿಕೆ ಬರಿದಾದ ವೀರೆಯಂತೆ ಆಕೆ ಬಾಲ್ದಿಯ ಪಕ್ಕ ಕುಸಿದು ಕುಳಿತಳು. ವಾರಿಜಕ್ಕ ಕೊನೆಯ ಕೊಡಪಾನವನ್ನು ನಿಧಾನವಾಗಿ ಪೂರ್ತಿ ಸುರಿದಳು. ಆಕೆಗೆ ಗೆದ್ದೆನೆಂಬ ಸಂತೋಷ ಬರಲಿಲ್ಲ. ಅತಿಥಿಯ ಮುಖ ಬಾಡಿದೆ, ಬೆರಳು ಸುಟ್ಟಿದೆ, ಊರಿಂದ ತಂದ ಹಿಟ್ಟು ಮುಗಿದಿದೆ. ಇನ್ನು ಈಕೆ ಸೌಟು ಹಿಡಿಯುವುದುಂಟೇ? ತಾನೇ ಹೊಯ್ದರೆ ಪ್ರತಿಜ್ಞೆಗೆ ಲೆಕ್ಕವಿಲ್ಲ. ಆಕೆ ಸುಟ್ಟ ಬೆರಳಿಗೆ ತೆಂಗಿನೆಣ್ಣೆ ಹಚ್ಚುತ್ತ ಮೆಲ್ಲಗೆ ಹೇಳಿದಳು:

"ಟೀಚರೇ, ನೀವ್ ಹಿಟ್ಟ್ ಹಾಕದ್ದ್ ನಂಗೆ ಉಪಕಾರ ಮಾಡುಕೆ ಅಲ್ದಾ? ನಂಗೆ ಗೊತ್ತಾಯ್ತ್. ಈಗ ಇನ್ನೊಂದೇ ಉಪಕಾರ ಮಾಡಿ. ಒಂದ್ ಸರ್ತಿ ಹೊಯ್ನಿ. ತಟ್ಟುಕಾಗ. ಅಂಗಳಕ್ಕೆ ನೀರ್ ಎರ್ಚ್ದಂಗೆ."

"ಅಂಗಳಕ್ಕ ನೀರ ಹೊಡ್ಯಾಕ ನನಗ ಹೇಳಿಕೊಡ್ತೀರೇನ?" ಎಂದು ನೀಲಗಂಗವ್ವ ಎದ್ದಳು. ಮೂಗೇರಿಸಿದಳು. ಸೌಟು ಮುಳುಗಿಸಿದಳು. ಕಣ್ಣು ಮುಚ್ಚಿ ಬೀಸಿದಳು.

ಚುಂಯ್‌ಯ್‌ಯ್!

ದೇವದುಂದುಭಿಗಳು ಮೊಳಗಿದವು, ಇಲ್ಲವೇ ಪಕ್ಕದ ಮನೆಯ ಕುಕ್ಕರು ಕೂಗಿತು. ಆವಿಯ ಮೋಡ ಸರಿದಾಗ ಕಾವಲಿಯ ಮೇಲೆ, ಜೋಳದ ತುಸು ಕಂದುಬಣ್ಣ ಹೊದ್ದು, ಮೈತುಂಬ ಸಾವಿರಗಟ್ಟಲೆ ಕಣ್ಣು ತೆರೆದು, ಆ ದೋಸೆ ನಿಂತಿತ್ತು!

"ಅಯ್ಯಯ್ಯ, ತೂತ ಬಿದ್ವು! ಕೆಟ್ಟಿತ್ರಿ ಅಕ್ಕಾರ!"

"ತೂತ್ ಬೀಳುಕೇ ಹೊಯ್ದದ್ದ್ ಮಾರಾಯ್ರೆ! ಎಬ್ಸಿ, ಎಬ್ಸಿ ಬೇಗ!"

ನೀಲಗಂಗವ್ವ ಅಂಚು ಹಿಡಿದಳು. ವಾರಿಜಕ್ಕ ಉಸಿರು ಹಿಡಿದಳು. ಅಂಚು ಎದ್ದಿತು, ಮಧ್ಯ ಎದ್ದಿತು, ಬಾಲವೂ ಎದ್ದಿತು. ಇಡೀ ದೋಸೆ! ಹರಿಯದ, ಮುರಿಯದ, ಅಖಂಡಮಂಡಲಾಕಾರ ದೋಸೆ! ಇಬ್ಬರೂ ಅದನ್ನು ಬಾಳೆಯೆಲೆಯ ಸಿಂಹಾಸನದ ಮೇಲೆ ಮಲಗಿಸಿ, ಒಬ್ಬರನ್ನೊಬ್ಬರು ತಬ್ಬಿಕೊಂಡು, ಹಿಟ್ಟುಹಿಟ್ಟಾದ ಕೆನ್ನೆಗಳಲ್ಲಿ ಅತ್ತರು. "ನಮ್ಮನೆಯವ್ರಿಗೆ ತೋರಿಸ್ಕ್, ತಡೀನಿ!" ಎಂದು ವಾರಿಜಕ್ಕ ತೊಟ್ಟಿಲಿನತ್ತ ಓಡಿದಳು.

ತೊಟ್ಟಿಲು ಖಾಲಿ. ತಿರುಗಿ ಓಡಿಬಂದಳು.

ಸಂಜೀವ ಶೆಟ್ಟರು ಇನ್ನೊಂದು ಬಾಗಿಲಿನಿಂದ ಆಗಲೇ ಒಳಬಂದು ಗೋಡೆಯಿಂದ ಗೋಡೆಗೆ ಗೇಣು ಹಾಕುತ್ತಿದ್ದರು. "ಬೋರ್ಡ್ ಇಲ್ಲಿಟ್ರೆ ಕಿಟ್ಕಿ ಬೆಳ್ಕ್ ಲಾಯ್ಕ್ ಬತ್ತ್ ಕಾಣ್," ಎನ್ನುತ್ತ, ಎಡಗೈಯಿಂದ ಅಳೆಯುತ್ತ, ಬಲಗೈಯಲ್ಲಿದ್ದ ಏನನ್ನೋ ಮಡಚಿ ಬಾಯಿಗಿಟ್ಟು, ಎರಡೇ ಸಲ ಅಗಿದು, ನುಂಗಿ, ಕೇಳಿದರು: "ಹ್ವಾಯ್, ದ್ವಾಸಿ ಇನ್ನೂ ಆಯ್ಲಿಲ್ಯಾ?"

ಬಾಳೆಯೆಲೆ ಬರಿದಾಗಿತ್ತು. ನೀಲಗಂಗವ್ವ ಎಲೆಯನ್ನೆತ್ತಿ ಅದರ ಅಡಿಯಲ್ಲೂ ನೋಡಿದಳು.

"ಈಗ ತಿಂದದ್ದ್ ಎಂತ?" ವಾರಿಜಕ್ಕ ಕೇಳಿದಳು.

"ಅದಾ? ಸ್ಯಾಂಪಲ್ ಅಲ್ದಾ? ಒಳ್ಳೇದಿತ್ತ್."

"ಟೀಚರ್ ಹೊಯ್ದದ್ದ್ ಅದ್! ಇಡೀ ಎದ್ದಿತ್ತ್! ಒಂದ್ ತೂತೂ ಹರ್ದಿರ್ಲಿಲ್ಲ!"

"ನಾನ್ ಕಾಣ್ಲಿಲ್ಲಪ್ಪ," ಎಂದರು ಶೆಟ್ಟರು, ಬೆರಳು ನೆಕ್ಕುತ್ತ. "ಇನ್ನೊಂದ್ ಹೊಯ್ದ್ ತೋರ್ಸಿ, ಕಾಂಬ."

ಆಗ ಎದ್ದಿತು ನೋಡಿ, ಮೂರು ತಲೆಮಾರನ್ನು ಬಿಸಿಲಲ್ಲಿ ನಿಲ್ಲಿಸಿದ ಆ ಕಂಠ!

"ಶೆಟ್ರ! ನೆಟ್ಟಗ ನಿಂದರ್ರಿ! ಕೈ ತೊಳಕೊಂಡ ಬರ್ರಿ! ತಿಂದಾವ್ರು ಹೊಯ್ದ ತೋರಸ್ರಿ! ಏನ್ರೀ, ಜಗಲಿಮ್ಯಾಲ ಕುಂತಾವ್ರು, ನೀವೂ ಬರ್ರಿ, ಸಾಲಾಗಿ!"

ಶೆಟ್ಟರು ಯಾಕೆ ಹೋದರೋ ಅವರಿಗೇ ಗೊತ್ತಾಗಲಿಲ್ಲ. ಕಾಲು ತಾನಾಗಿ ಹೋಯಿತು. ಮೊದಲ ದೋಸೆ ಹರಿಯಿತು. "ಕಾವ್ಲಿ ಸಮ ಇಲ್ಲ," ಎಂದರು. ಎರಡನೆಯದು ಮಡಚಿಕೊಂಡಿತು. "ಗಾಳಿ," ಎಂದರು. ವಾರಿಜಕ್ಕ ಪಕ್ಕದಲ್ಲಿ ನಿಂತು, "ಬದಿಯಿಂದ ಹೊಯ್ನಿ, ನಡುವಿಗೆ ಬನ್ನಿ," ಎಂದಳು. ಅವರು ಬನಿಯನ್ನಿನಲ್ಲಿ ಬೆವರು ಒರೆಸಿಕೊಂಡು ಮತ್ತೆ ಹೊಯ್ದರು. ಹಿಂದೆ ಸರದಿಗೆ ನಿಂತಿದ್ದ ಚೆನ್ನವೀರಪ್ಪನವರು, "ನಂದ ಪಾಳಿ ಬಂತ್ರಿ," ಎಂದರೆ, "ತಡೀನಿ ಮಾರಾಯ್ರೆ, ಇದೊಂದ್ ಏಳ್ತ್!" ಎಂದು ಮೊಣಕೈಯಿಂದ ಹಿಂದೆ ತಳ್ಳಿದರು. ಕೊನೆಗೆ ಒಂದು ಎದ್ದಿತು. ಅದನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಎತ್ತಿ ಶೆಟ್ಟರು ಬಹಳ ಹೊತ್ತು ನೋಡಿದರು.

"ಹ್ವಾಯ್," ಎಂದರು ಹೆಂಡತಿಗೆ, ದನಿ ತಗ್ಗಿಸಿ, "ನಾಳಿಕೂ ಪಾಠ ಇತ್ತಾ?"

"ನಾಳಿಕೆ ಪತ್ರೊಡೆ," ಎಂದಳು ವಾರಿಜಕ್ಕ.

ಹೀಗೆ ಆ ಚಕ್ರವರ್ತಿನಿಯ ಸಾಮ್ರಾಜ್ಯವು ಕಡಲು, ತೆಂಗು, ಹಂಚಿನ ಮಾಡು ಇರುವವರೆಗೂ ಸ್ಥಿರವಾಯಿತು. ನಾಲ್ವರೂ ಸುಸ್ತಾಗಿ ನೆಲದ ಮೇಲೆ ಸಾಲಾಗಿ ಕುಳಿತು, ಚಟ್ನಿ ಮಾಡಲು ಯಾರಿಗೂ ನೆನಪಾಗದ್ದರಿಂದ ಬೆಲ್ಲ ನಂಜಿಕೊಂಡು, ಮಧ್ಯಾಹ್ನದ ಊಟದ ಹೊತ್ತಿಗೆ ಬೆಳಗಿನ ತಿಂಡಿ ತಿಂದರು. ಬಾಲ್ದಿಯಲ್ಲಿ ಇನ್ನೂ ಅರ್ಧ ಹಿಟ್ಟು ಉಳಿದಿತ್ತು. ವಿಜಯಲಕ್ಷ್ಮೀಸಮಾಲಿಂಗಿತೆಯಾದ ವಾರಿಜಕ್ಕ ಕೈ ತೊಳೆದು ಬಂದು, ಎತ್ತರದ ಮಣೆಯ ಮೇಲೆ ಕುಳಿತು, ಪಟ್ಟಕ್ಕೇರಿದ ಮೇಲೆ ತನ್ನ ಮೊತ್ತಮೊದಲ ರಾಜಾಜ್ಞೆಯನ್ನು ಹೊರಡಿಸಿದಳು:

"ಆ ಹಿಟ್ಟ್ ಬೇರೆ ಪಾತ್ರಕ್ಕೆ ಹಾಕಿ ಬಾಲ್ದಿ ಈಗ್ಲೇ ತೊಳ್ದ್ ಇಡಿ. ಒಣಗ್ರೆ ಹೋಪುದಿಲ್ಲ."