ನೆರೆಮನೆಯ ಸಾಕ್ಷಿ

ಹವಾಲ್ದಾರ ಕಾಶೀರಾಮನ ತಾಪತ್ರಯಕ್ಕೆಲ್ಲ ಮೂಲ ಅವನ ನಾಲಿಗೆಯ ಮೇಲೆ ಕೂತಿದ್ದ ಮೂರು ಶಬ್ದಗಳು. ಯಾವ ಡಾಕ್ಟರು ಎದುರು ಕೂತು “ಹೇಗಿದ್ದೀರಿ” ಎಂದು ಕೇಳಿದರೂ ಅವನ ಹಿಮ್ಮಡಿಗಳು ತಾವಾಗಿಯೇ ಕೂಡಿಕೊಳ್ಳುತ್ತಿದ್ದವು, ಎದೆ ಮುಂದೆ ಬರುತ್ತಿತ್ತು, ಬಾಯಿ “ಠೀಕ್ ಹೈ, ಸಾಬ್” ಎಂದುಬಿಡುತ್ತಿತ್ತು. ಇಪ್ಪತ್ತೆರಡು ವರ್ಷದ ಫೌಜಿನಲ್ಲಿ ಜ್ವರ ಬಂದಾಗಲೂ ಅದನ್ನೇ ಹೇಳಿದ್ದ, ಕಾಲ್ಬೆರಳು ಹಿಮದಲ್ಲಿ ಕರ್ರಗಾದಾಗಲೂ ಅದನ್ನೇ ಹೇಳಿದ್ದ.

ನಿವೃತ್ತನಾಗಿ ಔರಾದಿಗೆ ಬಂದು ಒಂಬತ್ತು ವರ್ಷವಾದರೂ ಅವನಿಗೆ ನೆಟ್ಟಗೆ ನಿದ್ದೆಯಿಲ್ಲ. ರಾತ್ರಿ ಎರಡಕ್ಕೆ ಎದ್ದು ಮಾಳಿಗೆಯ ಮೇಲೆ ಗಸ್ತು ತಿರುಗುತ್ತಾನೆ. ಮದುವೆ ಮೆರವಣಿಗೆಯಲ್ಲಿ ಪಟಾಕಿ ಸಿಡಿದರೆ ಮಂಚದ ಕೆಳಗೆ ಸೇರುತ್ತಾನೆ. ಇದು ಗಡಿಯಿಂದ ತಂದ ಬೇನೆ ಎಂದು ಪಿಂಚಣಿಗೆ ಅರ್ಜಿ ಹಾಕಿದ. ಪರೀಕ್ಷೆ ಮಾಡಿದ ಡಾಕ್ಟರು ಹೇಗಿದ್ದೀರಿ ಎಂದರು. ನಾಲಿಗೆ ತನ್ನ ಕೆಲಸ ಮಾಡಿತು. ಡಾಕ್ಟರು “ತಕರಾರಿಲ್ಲ” ಎಂದು ಬರೆದರು. ಅರ್ಜಿ ಮದುವಣಗಿತ್ತಿಯಂತೆ ಹೋಗಿ, ವಿಧವೆಯಂತೆ ವಾಪಸು ಬಂತು.

ಹಣದ ಮಾತು ಹೇಗಾದರೂ ಇರಲಿ, ತನಗೆ ಆದದ್ದು ನಿಜಕ್ಕೂ ಆಗಿದೆ ಎಂದು ಯಾರಾದರೂ ಒಂದು ಕಾಗದದ ಮೇಲೆ ಬರೆದುಕೊಡಲಿ ಎಂಬ ಹಟ ಕಾಶೀರಾಮನದು. ಮೇಲ್ಮನವಿಗೆ ಈ ತಿಂಗಳ ಕೊನೆಯೇ ಕೊನೆ. ಫೌಜಿನಲ್ಲಿ ಕ್ಲಾರ್ಕ್ ಆಗಿದ್ದು ಈಗ ಬೀದರಿನಲ್ಲಿ ಅರ್ಜಿ ಬರೆದುಕೊಡುವ ಬದ್ರೋದ್ದೀನ ಸ್ಪಷ್ಟವಾಗಿ ಹೇಳಿದ್ದ: “ನೋಡೋ ಭಾಯಿ, ಸರ್ಕಾರಿ ಮನೋರೋಗ ಡಾಕ್ಟರ್ ಸರ್ಟಿಫಿಕೇಟ್ ಒಂದು. ಅದರ ಕೂಡ ಒಬ್ಬ ಸಾಕ್ಷಿ. ಮನಿಯವರು ನಡ್ಯಂಗಿಲ್ಲ, ನೆರಮನಿಯವರೇ ಆಗ್ಬೇಕು. ನಿನ್ನ ನಾಲಿಗಿ ಮನ್ಯಾಗ ಇಟ್ಟು ಬಾ.”

ನೆರೆಮನೆಯವನು ಎಂದರೆ ಕಿರಾಣಿ ಅಂಗಡಿಯ ಹಾವಗೆಪ್ಪ. ಎರಡೂ ಮನೆಗಳಿಗೆ ಒಂದೇ ಗೋಡೆ. ಕಾಶೀರಾಮನ ಮನೆಯಲ್ಲಿ ಒಗ್ಗರಣೆ ಸಿಡಿದರೆ ಹಾವಗೆಪ್ಪ ಸೀನುತ್ತಿದ್ದ. ಓಣಿಯ ಯಾವ ಹುಡುಗಿಗೆ ಸಂಬಂಧ ಬಂದರೂ ಗಂಡಿನ ಕಡೆಯವರು ಗುಟ್ಟಾಗಿ ವಿಚಾರಿಸಲು ಬರುವುದು ಅವನ ಅಂಗಡಿಗೇ. ಆಗ ಹಾವಗೆಪ್ಪ ತಕ್ಕಡಿ ಕೆಳಗಿಟ್ಟು ಶುರು ಮಾಡುತ್ತಿದ್ದ: ಅಪ್ಪ ದೇವರಂಥವ, ಅವ್ವ ಎತ್ತಿದ ದನಿಯಲ್ಲಿ ಮಾತಾಡಿದವಳಲ್ಲ, ಅಜ್ಜನಿಗೆ ಸಕ್ಕರೆ ಕಾಯಿಲೆಯೂ ಇಲ್ಲ. ಹೀಗೆ ಹನ್ನೊಂದು ಮದುವೆ ಕೂಡಿಸಿದ್ದಾನೆ.

ಮಂಗಳವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಕಾಶೀರಾಮ ಮತ್ತೊಮ್ಮೆ ಹೇಳಿದ. “ಸಾವಕಾರ್ರ, ಹೊಗಳ್ಬ್ಯಾಡ್ರಿ. ನನ್ನಾಗ ಏನೇನು ಖರಾಬ್ ಅದ, ಅದಷ್ಟೇ ಹೇಳ್ರಿ.”

“ಅಷ್ಟೂ ಹೇಳ್ತೇನಿ ತೊಗೋರಿ. ಒಂದಿನ ಸಾಲ್ದಿದ್ರ ನಾಳೆ ಬಂದು ಮುಗಸ್ತೇನಿ.”

ಸಂತಪುರ ದಾಟುತ್ತಿದ್ದಂತೆ ಬಸ್ಸಿನ ಹಿಂದಿನ ಟೈರು ಢಮ್ಮೆಂದು ಸಿಡಿಯಿತು. ಆ ಸದ್ದು ಉಳಿದವರ ಕಿವಿಗೆ ತಲುಪುವಷ್ಟರಲ್ಲಿ ಕಾಶೀರಾಮ ಸೀಟುಗಳ ನಡುವೆ ಬೋರಲು ಬಿದ್ದಿದ್ದ, ಹಾವಗೆಪ್ಪ ಅವನ ಕೆಳಗಿದ್ದ, ಹಾವಗೆಪ್ಪನ ಕೆಳಗೆ ಯಾರದೋ ಟೊಮೆಟೊ ಬುಟ್ಟಿಯಿತ್ತು.

“ಯಾಕ್ರಿ, ಏನಾತು?” ಎಂದಳು ಬುಟ್ಟಿಯೊಡತಿ, ಅದೇ ಓಣಿಯ ಪುತಳಾಬಾಯಿ.

“ಏನಿಲ್ಲವ್ವ,” ಎಂದ ಹಾವಗೆಪ್ಪ ಕೆಳಗಿನಿಂದಲೇ. “ಹವಾಲ್ದಾರ್ರ ಚಷ್ಮಾ ಬಿದ್ದದ. ಹುಡುಕ್ಲತ್ತೇವಿ.”

“ಅವರು ಚಷ್ಮಾನೇ ಹಾಕಂಗಿಲ್ಲಲ್ಲ?”

“ಅದಕ್ಕೇ ಸಿಗವಲ್ದು.”

ಕಾಶೀರಾಮ ಬೆವರೊರೆಸಿಕೊಂಡು ಎದ್ದ. ನಾಚಿಕೆಯಾಯಿತು, ಜೊತೆಗೆ ಸ್ವಲ್ಪ ಸಮಾಧಾನವೂ ಆಯಿತು. ಹೋಗಲಿ, ಸಾಕ್ಷಿದಾರನ ಮೈಮೇಲೆಯೇ ಸಾಕ್ಷಿ ಸಿಕ್ಕಿತು. ಹಾವಗೆಪ್ಪನ ಅಂಗಿಯ ತುಂಬ ಟೊಮೆಟೊ ಇದೆ.

ಬೀದರಿನ ದವಾಖಾನೆಯಲ್ಲಿ ಅವರ ಸರದಿ ಬಂದಾಗ ಮಧ್ಯಾಹ್ನ ಹನ್ನೆರಡು. ಡಾಕ್ಟರ್ ಆಮ್ರಪಾಲಿ ಮೂವತ್ತೈದರ ಹೆಣ್ಣುಮಗಳು. ಎದುರಿನವರ ಮಾತು ಮುಗಿಯುವವರೆಗೂ ಪೆನ್ನು ಎತ್ತದವಳು.

“ಹ್ಯಾಂಗಿದ್ದೀರಿ, ಕಾಶೀರಾಮ್ ಅವರೇ?”

ಹಿಮ್ಮಡಿ ಕೂಡಿದವು. “ಠೀಕ್ ಹೈ, ಸಾಬ್.”

ಕಾಶೀರಾಮ ಕಣ್ಣು ಮುಚ್ಚಿಕೊಂಡ. ಡಾಕ್ಟರು ಬರೆಯಲಿಲ್ಲ, ಹಾವಗೆಪ್ಪನ ಕಡೆ ತಿರುಗಿದರು. “ನೀವು ನೆರಮನಿಯವ್ರಲ್ಲ? ಇವರನ್ನ ಎಷ್ಟು ವರ್ಷದಿಂದ ಬಲ್ರಿ? ಸ್ವಭಾವ ಹ್ಯಾಂಗದ?”

ಹಾವಗೆಪ್ಪ ಬಾಯಿ ತೆರೆದವನು ಹಾಗೆಯೇ ನಿಂತ. ಡಾಕ್ಟರ ಮುಖವನ್ನು ನೋಡಿದ, ಮೇಜಿನ ಮೇಲಿನ ಹೆಸರನ್ನು ನೋಡಿದ, ಮತ್ತೆ ಮುಖವನ್ನು ನೋಡಿದ. ಅವನೊಳಗೆ ಏನೋ ತಿರುಗಿ ಕೂತಿತು.

“ಸ್ವಭಾವ ಏನ್ ಕೇಳ್ತೀರಿ ಡಾಕ್ಟರ್ ಬಾಯಿ,” ಎಂದ, ದನಿಗೆ ತುಪ್ಪ ಸವರಿ. “ದೇವರಂಥಾ ಮನುಷ್ಯ.”

ಕಾಶೀರಾಮ ಮೇಜಿನ ಕೆಳಗೆ ಅವನ ಕಾಲು ತುಳಿದ. ಹಾವಗೆಪ್ಪ ಕಾಲನ್ನು ಅಲ್ಲೇ ಬಿಟ್ಟು ಮುಂದುವರಿದ.

“ನಿದ್ದಿ ಬರ್ತದೇನು ಇವರಿಗಿ?”

“ಇವರ ಭರೋಸಾ ಮ್ಯಾಲ ಇಡೀ ಓಣಿ ನಿದ್ದಿ ಮಾಡ್ತದ್ರಿ. ಮಧ್ಯರಾತ್ರಿ ಎರಡಕ್ಕ ಎದ್ದು ನೋಡ್ರಿ, ಮಾಳಗಿ ಮ್ಯಾಲ ಗಸ್ತು. ಚಳಿ ಇರ್ಲಿ, ಮಳಿ ಇರ್ಲಿ. ಒಂಬತ್ತು ವರ್ಷದಾಗ ನಮ್ಮ ಓಣ್ಯಾಗ ಒಂದು ಕೋಳಿ ಕಳುವಾಗಿಲ್ಲ.”

ಡಾಕ್ಟರು ಬರೆಯತೊಡಗಿದರು. “ಚಟ?”

“ಬೀಡಿ ಇಲ್ಲ, ಸೆರಿ ಇಲ್ಲ. ನಸುಕಿನ್ಯಾಗ ಎರಡು ಮಗ್ಗು ಚಹಾ, ಅಷ್ಟೇ.”

“ಮಂದಿ ಕೂಡ ಬೆರೀತಾರೇನು?”

“ಒಬ್ಬರ ಮನಿ ಹೊಸ್ತಿಲ ತುಳ್ಯಂಗಿಲ್ರಿ. ಚಾಡಿ ಇಲ್ಲ, ಹರಟಿ ಇಲ್ಲ. ಮದುವಿಗೆ ಕರದ್ರೂ ಮುಯ್ಯಿ ಕೊಟ್ಟು ಕಳಸ್ತಾರ, ತಾವು ಬರಂಗಿಲ್ಲ. ಅಂಥಾ ಗಂಭೀರ.”

“ಸಪ್ಪಳಕ್ಕ ಅಂಜ್ತಾರೇನು?”

“ಅಂಜೋದಾ?” ಹಾವಗೆಪ್ಪ ತನ್ನ ಕೆಂಪು ಅಂಗಿಯನ್ನು ಎಳೆದು ತೋರಿಸಿದ. “ಇವತ್ತೇ ನೋಡ್ರಿ, ಟೈರ್ ಸಿಡೀತು. ಎಲ್ಲಾರೂ ಬಾಯಿ ತಕ್ಕೊಂಡು ಕೂತಾರ. ಇವರು ಜಿಗಿದು ನನ್ನ ಮೈಮ್ಯಾಲ ಬಿದ್ದು ಜೀವ ಉಳಿಸ್ಯಾರ.”

ಡಾಕ್ಟರು ಒಂದು ಹಾಳೆ ಮುಗಿಸಿ ಎರಡನೆಯದಕ್ಕೆ ಹೋದರು. ಇಷ್ಟುದ್ದ ‘ತಕರಾರಿಲ್ಲ’ ಬರೆಯುವುದನ್ನು ಕಾಶೀರಾಮ ಈವರೆಗೆ ನೋಡಿರಲಿಲ್ಲ.

“ಇಬ್ಬರೂ ಹೊರಗ ಹೋಗ್ರಿ ಅಜ್ಜಾರ,” ಎಂದರು ಡಾಕ್ಟರು. “ಕಾಶೀರಾಮ್ ಅವರು ಐದು ನಿಮಿಷ ಬಿಟ್ಟು ಒಬ್ಬರೇ ಬರ್ಲಿ.”

ಹೊರಗೆ ಬಂದದ್ದೇ ಕಾಶೀರಾಮ ಹಾವಗೆಪ್ಪನ ಕೊರಳಪಟ್ಟಿಗೆ ಕೈ ಹಾಕಿದ. “ಏನು ದುಷ್ಮನಿ ಅದ ನಿಮಗ ನನ್ನ ಮ್ಯಾಲ?”

“ಹುಚ್ಚರಾ ನೀವು? ಒಳಗ ಕೂತಾಕಿ ಯಾರಂತ ಗೊತ್ತದೇನು? ಭಾಲ್ಕಿ ರಾಜರತ್ನ ಮಾಸ್ತರ್ ಮಗಳು. ಅಶ್ವಜಿತನ ಅಕ್ಕ.”

ಕಾಶೀರಾಮನ ಕೈ ಸಡಿಲಾಯಿತು. ಅವನ ಮಗಳು ಮಹಾಮಾಯಾಳನ್ನು ನೋಡಿಹೋಗಿ, “ಒಂದು ವಾರದಾಗ ತಿಳಸ್ತೇವಿ” ಎಂದ ಮನೆ ಅದು. ಅಂದು ಹುಡುಗನ ಅಕ್ಕ ಡ್ಯೂಟಿ ಇದೆಯೆಂದು ಬಂದಿರಲಿಲ್ಲ.

“ಆಕಿ ಕೇಳಿದ್ದು ಕೇಳಿದ್ರಿಲ್ಲ? ಸ್ವಭಾವ ಏನು, ಚಟ ಏನು, ಎಷ್ಟು ವರ್ಷದಿಂದ ಬಲ್ರಿ,” ಹಾವಗೆಪ್ಪ ಪಿಸುಗುಟ್ಟಿದ. “ಡಾಕ್ಟರ್ ತಪಾಸಣಿ ಅಲ್ರಿ ಇದು. ಸಂಬಂಧದ ವಿಚಾರಣಿ. ಹನ್ನೊಂದು ಸಲ ಉತ್ತರ ಕೊಟ್ಟೀನಿ, ನನಗ ಗೊತ್ತಾಗಂಗಿಲ್ಲೇನು?”

ಕಾಶೀರಾಮ ಬೆಂಚಿನ ಮೇಲೆ ಕೂತ. ಒಳಗೆ ಹೋಗಿ ನಿಜ ಹೇಳಿದರೆ ಕಾಗದ ಸಿಗುತ್ತದೆ, ಮಗಳ ಸಂಬಂಧ ಹೋಗುತ್ತದೆ. ‘ಠೀಕ್ ಹೈ’ ಅಂದರೆ ಸಂಬಂಧ ಉಳಿಯುತ್ತದೆ, ಒಂಬತ್ತು ವರ್ಷದ ಹಟ ಮಣ್ಣಾಗುತ್ತದೆ. ಮಗಳಿಗೆ ಫೋನು ಮಾಡಿದ. ಮಹಾಮಾಯಾ ತಾನು ಕಲಿಸುವ ಶಾಲೆಯ ಊಟದ ಬಿಡುವಿನಲ್ಲಿದ್ದಳು. ಎಲ್ಲವನ್ನೂ ಕೇಳಿ ನಕ್ಕಳು.

“ಅಪ್ಪಾ, ಅಶ್ವಜಿತಗ ನಾ ಮೊದಲ ದಿನಾನೇ ಹೇಳೀನ್ರಿ. ನೀವು ಮಂಚದ ಕೆಳಗ ಹೋಗೋದು, ಅವ್ವ ಅಲ್ಲೇ ಚಹಾ ತಂದು ಕೊಡೋದು, ಎಲ್ಲಾ. ನಮ್ಮ ಮದುವ್ಯಾಗ ಪಟಾಕಿ ಹೊಡ್ಯಂಗಿಲ್ಲ ಅಂದಾನ ಆತ. ಒಳಗ ಹೋಗಿ ಖರೇ ಹೇಳ್ರಿ.”

ಕಾಶೀರಾಮ ಒಳಗೆ ಹೋದ. ಬಾಗಿಲು ಮುಚ್ಚಿದ.

“ಸಾಬ್, ಹ್ಯಾಂಗಿದ್ದೀರಿ ಅಂತ ಒಂದು ಕೇಳಬ್ಯಾಡ್ರಿ.”

“ಹಂಗಾರ ಏನ್ ಕೇಳ್ಲಿ?”

“ರಿಪೋರ್ಟ್ ಕೇಳ್ರಿ.”

ಡಾಕ್ಟರು ಅರೆಕ್ಷಣ ಅವನನ್ನೇ ನೋಡಿ, ಬೆನ್ನು ನೆಟ್ಟಗೆ ಮಾಡಿ ಕೂತರು. “ಹವಾಲ್ದಾರ್ ಕಾಶೀರಾಮ್, ರಿಪೋರ್ಟ್.”

ಅವನು ಗೋಡೆಯ ಮೇಲಿನ ಗಡಿಯಾರಕ್ಕೆ ದೃಷ್ಟಿ ನೆಟ್ಟು ಹೇಳಿದ. ಹತ್ತಕ್ಕೆ ಮಲಗುವುದು, ಹನ್ನೊಂದಕ್ಕೆ ಎಚ್ಚರ. ಎರಡಕ್ಕೆ ಮಾಳಿಗೆ. ನಸುಕಿನಲ್ಲಿ ಎರಡು ಮಗ್ಗು ಚಹಾ.

“ಎರಡು ಯಾಕ?”

“ಗಡಿ ಪೋಸ್ಟಿನ್ಯಾಗ ನಾನು, ನನ್ನ ಜೋಡಿದಾರ, ಇಬ್ಬರೇ ಇದ್ವಿ, ಸಾಬ್. ನಸುಕಿನ್ಯಾಗ ಚಹಾ ತರಾಕ ನಾ ಹೋದೆ. ತೋಪಿನ ಗೋಲಾ ಬಿತ್ತು. ವಾಪಸ್ ಬಂದಾಗ ನನ್ನ ಕೈಯಾಗ ಎರಡು ಮಗ್ಗು ಇದ್ದವು.” ಗಡಿಯಾರದಿಂದ ದೃಷ್ಟಿ ಕದಲಿಸಲಿಲ್ಲ. “ಈಗೂ ಎರಡು ಮಾಡ್ತೇನಿ. ಒಂದು ಕುಡೀತೇನಿ. ಒಂದು ಚೆಲ್ತೇನಿ. ರಿಪೋರ್ಟ್ ಖತಂ.”

ಆಮೇಲೆ ಡಾಕ್ಟರು ಅವನಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಒಂದು ತಾಸು ಕೇಳಿದರು. ಕೊನೆಗೆ ಫಾರಂ ಎಳೆದುಕೊಂಡರು.

“ಸಾಕ್ಷಿ ಸೈತ ಚೊಲೋ ಅದ,” ಎಂದರು. “ಸಾವಕಾರ್ರು ಹೊಗಳಿ ಹೊಗಳಿ ಒಂದೊಂದೇ ಲಕ್ಷಣ ಹೇಳ್ಯಾರ. ಪುಸ್ತಕದಾಗೂ ಇಷ್ಟು ಬರೋಬ್ಬರಿ ಇರಂಗಿಲ್ಲ. ನಿಮಗ ಆಗಿದ್ದು ಖರೇ ಅದ, ಕಾಶೀರಾಮ್ ಅವರೇ. ಸೇವಾದಾಗೇ ಆಗ್ಯದ. ಹಂಗೇ ಬರದೀನಿ.”

ಕಾಶೀರಾಮನ ಕಣ್ಣ ಮುಂದೆ ಕಾಗದ ಮಸುಕಾಯಿತು. ಪೆನ್ನು ಒಂದೊಂದೇ ಸಾಲು ತುಂಬುತ್ತ ಇಳಿಯಿತು. ಸೀಲು ಬಿತ್ತು. ಉಳಿದದ್ದು ಕೊನೆಯ ಒಂದು ಸಾಲು, ಅದರ ಕೆಳಗೆ ಸಹಿ.

ಆಗಲೇ ಬಾಗಿಲು ತೆರೆದು ಹಾವಗೆಪ್ಪ ಪೇಡೆಯ ಡಬ್ಬಿ ಹಿಡಿದು ನುಗ್ಗಿದ.

“ಬಾಯಿ ತೆರೀರಿ ಡಾಕ್ಟರ್ ಬಾಯಿ. ಬಾಯಿ ತೆರೀರಿ ಬೀಗರ. ಫೋನಿನ್ಯಾಗ ಮಾಸ್ತರ್‌ಗೆ ಹೇಳ್ದೆ, ನಿಮ್ಮ ಮಗಳು ಬಾಗಲಾ ಹಾಕ್ಕೊಂಡು ಒಂದು ತಾಸಿನಿಂದ ವಿಚಾರಣಿ ಮಾಡ್ಲತ್ತಾಳ, ಇನ್ನೇನು ಬಾಕಿ ಉಳದದ ಅಂತ. ಆಕಿ ಅಷ್ಟೊತ್ತು ಕುಂತಾಳಂದ್ರ ಮನಸಿಗಿ ಬಂದದ ಅಂತ ಅರ್ಥ, ನಮ್ಮದೂ ಒಪ್ಪಿಗಿ ಅಂದ್ರು. ನಿಮ್ಮ ಅಶ್ವಜಿತಗ ಇವರ ಮಹಾಮಾಯಾ ಫಿಕ್ಸ್.”

ಡಾಕ್ಟರ ಪೆನ್ನು ಗಾಳಿಯಲ್ಲಿ ನಿಂತಿತು. “ಮಹಾಮಾಯಾ... ನಿಮ್ಮ ಮಗಳೇನ್ರಿ?”

“ಹೌದ್ರಿ, ಸಾಬ್.”

ಆಮ್ರಪಾಲಿಯ ಮುಖ ಮೊದಲು ಅರಳಿತು. ಎದ್ದು ಕೈಮುಗಿದು “ಜೈ ಭೀಮ್, ಮಾಮಾ” ಎಂದಳು. ಕೂತು ಫಾರಂ ನೋಡಿದಳು. ಅರಳಿದ್ದು ನಿಧಾನವಾಗಿ ಮುದುಡಿತು. ಕೊನೆಯ ಸಾಲನ್ನು ಗಟ್ಟಿಯಾಗಿ ಓದಿದಳು: “ಅರ್ಜಿದಾರರು ನನಗೆ ರಕ್ತ ಅಥವಾ ವಿವಾಹ ಸಂಬಂಧಿಯಲ್ಲವೆಂದು ಪ್ರಮಾಣೀಕರಿಸುತ್ತೇನೆ.”

ಪೆನ್ನಿನ ಟೊಪ್ಪಿಗೆ ಟಕ್ಕೆಂದು ಕೂತಿತು.

“ಮದುವಿ ಇನ್ನೂ ಆಗಿಲ್ಲಲ್ರಿ,” ಎಂದ ಕಾಶೀರಾಮ ಸಣ್ಣ ದನಿಯಲ್ಲಿ.

“ಪೇಡೆ ತಿಂದೀವಲ್ಲ ಮಾಮಾ.”

ನಿಜವಾಗಿ ತಿಂದಿದ್ದು ಹಾವಗೆಪ್ಪನೊಬ್ಬನೇ. ಅವನು ಎರಡನೆಯದನ್ನು ಅರ್ಧಕ್ಕೆ ನಿಲ್ಲಿಸಿ, ಕೊಳ್ಳುವ ಗಿರಾಕಿ ಕೈತಪ್ಪಿದಂತೆ ಇಬ್ಬರ ಮುಖವನ್ನೂ ನೋಡಿದ.

ಬದ್ರೋದ್ದೀನನಿಗೆ ಫೋನು ಹೋಯಿತು. “ಗಡುವು ಹೆಚ್ಚಸಾಕ ಅರ್ಜಿ ಬರೀತೇನಿ,” ಎಂದ ಅವನು. “ಆದ್ರ ಕಾರಣ ಏನಂತ ಬರೀಲಿ? ಡಾಕ್ಟರ್ ಬೀಗರಾದ್ರು ಅಂತನಾ? ಯಾ ಅಲ್ಲಾ, ಇಂಥಾ ಕಾರಣ ನನ್ನ ನೌಕರ್ಯಾಗೇ ನೋಡಿಲ್ಲ.”

ಕಲಬುರಗಿಯ ಬೇರೊಬ್ಬ ಡಾಕ್ಟರಿಗೆ ಆಮ್ರಪಾಲಿ ಚೀಟಿ ಬರೆದಳು. ಮತ್ತೆ ಹೊಸ ಫಾರಂ, ಹೊಸ ಪರೀಕ್ಷೆ, ಜೊತೆಗೆ ಮತ್ತೆ ನೆರೆಮನೆಯ ಸಾಕ್ಷಿ.

“ನಾ ಇದ್ದೀನಲ್ರಿ,” ಎಂದ ಹಾವಗೆಪ್ಪ, ತಪ್ಪಿಗೆ ದಂಡ ಕಟ್ಟುವವನಂತೆ. “ಕಲಬುರಗ್ಯಾಗೂ ಒಂದೆರಡು ಒಳ್ಳೇ ಮನತನ ಅವ. ನಿಮ್ಮ ಸಣ್ಣ ಮಗನಿಗೂ ನೋಡ್ಕೊಂಡು ಬರೂಣು.”

ಕಾಶೀರಾಮ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಮೇಜಿನ ಮೇಲೆ ಸಹಿಯಿಲ್ಲದ ಫಾರಂ ಬಿದ್ದಿತ್ತು. ಅವನ ಒಂಬತ್ತು ವರ್ಷ ದುಂಡಗಿನ ಅಕ್ಷರದಲ್ಲಿ, ಸೀಲಿನ ಸಮೇತ, ಅದರೊಳಗೆ ಕೂತಿತ್ತು. ಅವನು ಅದನ್ನು ಎರಡು ಸಲ ನೋಡಿದ.

“ಮಾಮಾ,” ಎಂದಳು ಆಮ್ರಪಾಲಿ ಮೆಲ್ಲಗೆ. “ಭಾಳ ಬ್ಯಾಸರ ಆತೇನ್ರಿ?”

ಹಿಮ್ಮಡಿಗಳು ಕೂಡಿದವು. “ಠೀಕ್ ಹೈ, ಸಾಬ್.”

ಅವಳು ಅವನನ್ನು ಬಾಗಿಲವರೆಗೆ ಕಳಿಸಲು ಬಂದಳು. “ಅದೊಂದು ಮಾತು,” ಎಂದಳು, “ಕಲಬುರಗಿ ಡಾಕ್ಟರ್ ಮುಂದ ಹೇಳಬ್ಯಾಡ್ರಿ.”